ಅನಿಲ ಹೊರಬರುವ ದಾರಿ

ಜ್ವಾಲಾಮುಖಿಗಳನ್ನು ಆಕಾರ ನೋಡಿ ವಿಂಗಡಿಸುವುದು ಪಠ್ಯಪುಸ್ತಕಗಳ ಹಳೆಯ ರೂಢಿ. ಹವಾಯಿಯ ಮೌನಾ ಲೋವಾದಂತೆ ಅಗಲವಾಗಿ ಹರಡಿಕೊಂಡದ್ದು ಗುರಾಣಿ ಜ್ವಾಲಾಮುಖಿ. ಜಪಾನಿನ ಫ್ಯೂಜಿಯಂತೆ ಲಾವಾ ಮತ್ತು ಬೂದಿಯ ಪದರಗಳಿಂದ ಕಡಿದಾಗಿ ಎದ್ದದ್ದು ಸ್ತರ ಜ್ವಾಲಾಮುಖಿ. ಮೆಕ್ಸಿಕೊದ ಜೋಳದ ಹೊಲವೊಂದರಲ್ಲಿ 1943ರಲ್ಲಿ ಹುಟ್ಟಿ 1952ಕ್ಕೆ ತಣ್ಣಗಾದ ಪರಿಕುಟಿನ್, ಕಿಟ್ಟದ ಗುಡ್ಡ. ಈ ವಿಂಗಡಣೆಯಲ್ಲಿ ತಪ್ಪೇನಿಲ್ಲ. ಆದರೆ ಆಕಾರ ಹೇಳುವುದು ಬೆಟ್ಟ ಇದುವರೆಗೆ ಏನು ಮಾಡಿದೆ ಎಂಬುದನ್ನು ಮಾತ್ರ. ಮುಂದಿನ ಸಲ ಅದು ಹರಿಯುತ್ತದೋ ಸಿಡಿಯುತ್ತದೋ ತಿಳಿಯಬೇಕಾದರೆ, ಒಳಗಿನ ಶಿಲಾರಸದಲ್ಲಿ ಕರಗಿರುವ ಅನಿಲ ಯಾವ ದಾರಿ ಹಿಡಿದು, ಎಷ್ಟು ಬೇಗ ಹೊರಬೀಳುತ್ತಿದೆ ಎಂದು ನೋಡಬೇಕು. ಜ್ವಾಲಾಮುಖಿಯ ನಿಜವಾದ ಜಾತಿ ತೀರ್ಮಾನವಾಗುವುದು ಅಲ್ಲೇ ಎಂಬುದು ನನ್ನ ವಾದ.

ಭೂಮಿಯ ಆಳದಲ್ಲಿ ಒತ್ತಡ ಹೆಚ್ಚು. ಅಲ್ಲಿ ನೀರಾವಿ, ಇಂಗಾಲದ ಡೈಆಕ್ಸೈಡ್, ಗಂಧಕದ ಅನಿಲಗಳು ಶಿಲಾರಸದಲ್ಲಿ ಕರಗಿಕೊಂಡೇ ಇರುತ್ತವೆ. ರಸ ಮೇಲೇರಿದಂತೆ ಒತ್ತಡ ಇಳಿದು ಗುಳ್ಳೆಗಳೇಳುತ್ತವೆ. ಸಾಗರದ ತಳದ ಫಲಕವೊಂದು ಇನ್ನೊಂದರ ಅಡಿಗೆ ಜಾರುವ ಕಡೆ, ಫಲಕದ ಜೊತೆ ಇಳಿದ ನೀರು ಮೇಲಿನ ಬಿಸಿ ಕಲ್ಲಿಗೆ ಸೇರಿ ಅದರ ಕರಗುವ ಉಷ್ಣತೆಯನ್ನೇ ತಗ್ಗಿಸುತ್ತದೆ. ಹಾಗೆ ಹುಟ್ಟಿದ ರಸದಲ್ಲಿ ತೂಕದ ನೂರಕ್ಕೆ ನಾಲ್ಕೈದು ಪಾಲು ನೀರಿರಬಹುದು. ಹವಾಯಿಯ ಬಸಾಲ್ಟ್ ರಸದಲ್ಲಿ ಅದು ನೂರಕ್ಕೆ ಒಂದು ಪಾಲೂ ಇಲ್ಲ. ಅನಿಲದ ಪ್ರಮಾಣದಷ್ಟೇ ಮುಖ್ಯವಾದದ್ದು ರಸದ ಮಂದತೆ. ಒಲೆಯ ಮೇಲಿನ ನೀರಿನಲ್ಲಿ ಗುಳ್ಳೆ ಸದ್ದಿಲ್ಲದೆ ಒಡೆಯುತ್ತದೆ. ಗಟ್ಟಿ ರಾಗಿ ಅಂಬಲಿಯಲ್ಲಾದರೆ ಅದೇ ಗುಳ್ಳೆ ಸಿಡಿದು ಕೈ ಸುಡುತ್ತದೆ. ಸುಮಾರು 1,150 ಡಿಗ್ರಿ ಸೆಲ್ಸಿಯಸ್‌ನ ಬಸಾಲ್ಟ್ ರಸ ಸಲೀಸಾಗಿ ಅನಿಲ ಬಿಟ್ಟುಕೊಟ್ಟು ಹರಿಯುತ್ತದೆ. ಸಿಲಿಕಾ ಹೆಚ್ಚಿರುವ, ಉಷ್ಣತೆ ಕಡಿಮೆಯಿರುವ ಡೇಸೈಟ್, ರಯೊಲೈಟ್ ರಸಗಳು ಗುಳ್ಳೆಗಳನ್ನು ಹಿಡಿದಿಟ್ಟುಕೊಂಡು ಕೊನೆಗೆ ತಾವೇ ಚೂರುಚೂರಾಗುತ್ತವೆ. ನಾವು ಬೂದಿ ಎನ್ನುವುದು ಹೀಗೆ ಒಡೆದ ಗಾಜು ಮತ್ತು ಕಲ್ಲಿನ ಪುಡಿ. ಅದು ಏನನ್ನೂ ಸುಟ್ಟು ಉಳಿದದ್ದಲ್ಲ.

ಹಾಗಾದರೆ ಎಲ್ಲವೂ ಸಿಲಿಕಾದ ಮಹಿಮೆಯೇ ಆಯಿತಲ್ಲ, ಅನಿಲವನ್ನೇಕೆ ಮುಂದಿಡಬೇಕು ಎಂದು ಯಾರಾದರೂ ಕೇಳಬಹುದು. ಬಲವಾದ ಆಕ್ಷೇಪ. ಅದಕ್ಕೆ ಉತ್ತರ ಅಮೆರಿಕದ ಮೌಂಟ್ ಸೇಂಟ್ ಹೆಲೆನ್ಸ್‌ನಲ್ಲಿದೆ. 1980ರ ವಸಂತದಲ್ಲಿ ಡೇಸೈಟ್ ರಸ ಬೆಟ್ಟದೊಳಕ್ಕೆ ನುಗ್ಗಿ, ಹೊರಬರಲು ದಾರಿಯಿಲ್ಲದೆ ಉತ್ತರದ ಮಗ್ಗುಲನ್ನು ದಿನಕ್ಕೆ ಒಂದೂವರೆ ಮೀಟರಿಗೂ ಹೆಚ್ಚು ಉಬ್ಬಿಸುತ್ತಿತ್ತು. ಮೇ 18ರಂದು ಭೂಕಂಪವಾಗಿ ಆ ಮಗ್ಗುಲು ಕುಸಿಯಿತು. ಮೇಲಿನ ಭಾರ ಒಮ್ಮೆಲೇ ಸರಿದು, ಸೆರೆಯಲ್ಲಿದ್ದ ಅನಿಲ ಅಡ್ಡಡ್ಡಲಾಗಿ ಸ್ಫೋಟಿಸಿತು. 57 ಜನ ಸತ್ತರು. ಶಿಖರದ ಎತ್ತರ ಸುಮಾರು 400 ಮೀಟರ್ ಕಡಿಮೆಯಾಯಿತು. ಅದೇ ಬೆಟ್ಟ 2004ರಿಂದ 2008ರವರೆಗೆ ಮತ್ತೆ ಡೇಸೈಟನ್ನೇ ಹೊರಹಾಕಿತು. ಆಗ ರಸ ನಿಧಾನವಾಗಿ ಏರುತ್ತ ದಾರಿಯಲ್ಲೇ ಬಹುಪಾಲು ಅನಿಲ ಕಳೆದುಕೊಂಡಿತ್ತು. ಹೆಚ್ಚುಕಡಿಮೆ ಗಟ್ಟಿ ಕಲ್ಲಾಗಿ ಮೇಲೆದ್ದು ಕುಳಿಯೊಳಗೆ ಗುಮ್ಮಟ ಕಟ್ಟಿತು. ಬೆಟ್ಟ ಅದೇ, ಕಲ್ಲಿನ ಜಾತಿಯೂ ಅದೇ.

ಇದರ ಇನ್ನೊಂದು ಮಗ್ಗುಲೂ ಉಂಟು. ಸಾಧು ಎನಿಸಿಕೊಂಡ ಬಸಾಲ್ಟ್ ಕೂಡ ಸಿಡಿಯಬಲ್ಲದು. ನ್ಯೂಜಿಲೆಂಡಿನ ತಾರಾವೆರಾ 1886ರ ಜೂನ್ 10ರಂದು ಸುಮಾರು 17 ಕಿಲೊಮೀಟರ್ ಉದ್ದಕ್ಕೆ ಬಾಯಿಬಿಟ್ಟಾಗ ಹೊರಬಂದದ್ದು ಬಸಾಲ್ಟ್. ಸುಮಾರು 120 ಜನ ಸತ್ತರು. ಬಿರುಕು ಸರೋವರದ ಅಡಿಗೂ ಚಾಚಿದ್ದರಿಂದ ಅಲ್ಲಿ ನೀರು ಕ್ಷಣಾರ್ಧದಲ್ಲಿ ಆವಿಯಾಗಿ ಕೆಸರು, ಕಲ್ಲುಗಳನ್ನು ಎತ್ತಿ ಎಸೆಯಿತು. ಸಿಲಿಕಾದ ಪಟ್ಟಿಯೊಂದನ್ನೇ ನಂಬಿ ಕೂತವರಿಗೆ ಇದರ ಸುಳಿವು ಸಿಗುತ್ತಿರಲಿಲ್ಲ. ಫಿಲಿಪೀನ್ಸಿನ ಪಿನಾಟುಬೊದಲ್ಲಿ 1991ರಲ್ಲಿ ವಿಜ್ಞಾನಿಗಳು ನೆಚ್ಚಿಕೊಂಡದ್ದು ಬರೀ ಕಂಪನಗಳನ್ನಲ್ಲ. ಮೇ 13ರಿಂದ 28ರೊಳಗೆ ಬೆಟ್ಟ ಬಿಡುತ್ತಿದ್ದ ಗಂಧಕದ ಡೈಆಕ್ಸೈಡ್ ಹತ್ತು ಪಟ್ಟಾಯಿತು, ಆಮೇಲೆ ತಟ್ಟನೆ ಇಳಿಯಿತು. ಅನಿಲ ಕಡಿಮೆಯಾಯಿತೆಂದು ನಿರಾಳರಾಗದೆ, ದಾರಿ ಮುಚ್ಚಿಕೊಂಡಿರಬಹುದೆಂದು ಅವರು ಅನುಮಾನಿಸಿದರು. ಜೂನ್ 15ರ ಮಹಾಸ್ಫೋಟಕ್ಕೆ ಮೊದಲೇ ಹತ್ತಾರು ಸಾವಿರ ಜನರನ್ನು ತೆರವು ಮಾಡಲಾಗಿತ್ತು. ಜ್ವಾಲಾಮುಖಿ ಶಾಸ್ತ್ರದ ಚರಿತ್ರೆಯಲ್ಲಿ ನನಗೆ ಇದಕ್ಕಿಂತ ಮೆಚ್ಚುಗೆಯಾದ ಅಧ್ಯಾಯವಿಲ್ಲ.

ಸಿಡಿಯದೆ ಹರಿಯುವ ಜ್ವಾಲಾಮುಖಿಗೆ ಈ ಮಾತು ಸಲ್ಲದು, ಅಲ್ಲಿ ಲೆಕ್ಕಕ್ಕೆ ಬರುವುದು ಲಾವಾ ಮಾತ್ರ ಎಂಬ ಆಕ್ಷೇಪವೂ ಇದೆ. ಐಸ್‌ಲೆಂಡಿನ ಲಾಕಿಯಲ್ಲಿ 1783ರ ಜೂನ್‌ನಿಂದ ಎಂಟು ತಿಂಗಳು ನೆಲದ ಬಿರುಕುಗಳಿಂದ ಬಸಾಲ್ಟ್ ಹರಿಯಿತು. ಆದರೂ ಜೀವ ತೆಗೆದದ್ದು ಲಾವಾ ಅಲ್ಲ. ಸುಮಾರು 12 ಕೋಟಿ ಟನ್ ಗಂಧಕದ ಡೈಆಕ್ಸೈಡ್, ಜೊತೆಗೆ ಫ್ಲೋರಿನ್ ಗಾಳಿಗೆ ಸೇರಿದವು; ಹುಲ್ಲು ವಿಷವಾಯಿತು, ದನಕುರಿಗಳು ಸತ್ತವು, ಬರಗಾಲ ಬಂದು ದೇಶದ ಸುಮಾರು ಐದನೇ ಒಂದು ಪಾಲು ಜನ ಇಲ್ಲವಾದರು. ಲಾಕಿಯನ್ನು ಎಷ್ಟೋ ಪಟ್ಟು ಮೀರಿಸಿದ ಬಸಾಲ್ಟ್ ಪ್ರವಾಹಗಳು ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ ಪ್ರಸ್ಥಭೂಮಿಯನ್ನು ಕಟ್ಟಿದವು. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಯ ಕಪ್ಪುಕಲ್ಲು ಅದರ ದಕ್ಷಿಣದ ಅಂಚು. ಅಲ್ಲಿ ರಸ್ತೆಗಾಗಿ ಕಡಿದ ದಿಣ್ಣೆಗಳಲ್ಲಿ ಲಾವಾ ಹರಿವಿನ ನಡುಭಾಗ ಗಟ್ಟಿಯಾಗಿರುತ್ತದೆ, ಮೇಲ್ಭಾಗದ ತುಂಬ ತೂತುಗಳಿರುತ್ತವೆ. ಏರಿ ಬಂದ ಗುಳ್ಳೆಗಳು ಹೆಪ್ಪುಗಟ್ಟುತ್ತಿದ್ದ ಕಲ್ಲಿನಲ್ಲಿ ಸಿಕ್ಕಿಕೊಂಡ ಜಾಗಗಳವು. ಎಷ್ಟೋ ತೂತುಗಳಲ್ಲಿ ಆಮೇಲೆ ಹರಿದ ಬಿಸಿನೀರು ಬಿಟ್ಟುಹೋದ ಬಿಳಿಯ ಜಿಯೊಲೈಟ್ ಮತ್ತು ಸ್ಫಟಿಕ ತುಂಬಿಕೊಂಡಿವೆ.