ಸರಾಸರಿ ಯಾವ ಗೇಮನ್ನೂ ಆಡಿಲ್ಲ

ಹಿಡಿಯೊ ಕೊಜಿಮಾ ಅವರ ‘ಡೆತ್ ಸ್ಟ್ರ್ಯಾಂಡಿಂಗ್’ 2019ರ ನವೆಂಬರಿನಲ್ಲಿ ಬಂದಾಗ ಗೇಮ್ ವಿಮರ್ಶಕರು ಎರಡು ಪಾಳಯವಾದರು. ಬೆನ್ನ ಮೇಲೆ ಪೆಟ್ಟಿಗೆಗಳನ್ನು ಪೇರಿಸಿಕೊಂಡು, ಪಾಳುಬಿದ್ದ ಅಮೆರಿಕದ ಬಂಡೆ, ತೊರೆ, ಹಿಮಗಳನ್ನು ದಾಟಿ, ಒಂದು ನೆಲೆಯ ಸಾಮಾನನ್ನು ಇನ್ನೊಂದಕ್ಕೆ ಮುಟ್ಟಿಸುವುದೇ ಆ ಗೇಮಿನ ಬಹುಪಾಲು ಕೆಲಸ. ಎಡವದಂತೆ, ಭಾರ ವಾಲದಂತೆ ನಡೆಯುವುದೇ ಅಲ್ಲಿ ಆಟ. ಅಮೆರಿಕದ ಗೇಮ್ ತಾಣ ಐಜಿಎನ್ ಅದಕ್ಕೆ 6.8 ಕೊಟ್ಟಿತು. ಗೇಮ್‌ಸ್ಪಾಟ್ 9 ಕೊಟ್ಟಿತು. ಜಪಾನಿನ ಫ್ಯಾಮಿತ್ಸು ಪತ್ರಿಕೆಯಲ್ಲಿ ನಾಲ್ವರು ವಿಮರ್ಶಕರೂ ಹತ್ತಕ್ಕೆ ಹತ್ತು ಹಾಕಿ 40ಕ್ಕೆ 40 ಮಾಡಿದರು. ಮೆಟಾಕ್ರಿಟಿಕ್ ತಾನು ಲೆಕ್ಕಕ್ಕೆ ತೆಗೆದುಕೊಂಡ ವಿಮರ್ಶೆಗಳನ್ನೆಲ್ಲ ಕೂಡಿಸಿ, ಭಾಗಿಸಿ, 82 ಎಂದು ಹಸಿರು ಚೌಕದಲ್ಲಿ ಬರೆಯಿತು. 82 ಎಂದರೆ ಓದುಗನಿಗೆ ಕೇಳಿಸುವುದೇನು? ಚೆನ್ನಾಗಿದೆ, ಅದ್ಭುತವೇನಲ್ಲ, ಕೊಂಡರೆ ಮೋಸವಿಲ್ಲ. ಒಬ್ಬರಿಗೆ ಬೇಸರದ ಪರಮಾವಧಿಯಾಗಿ, ಇನ್ನೊಬ್ಬರಿಗೆ ಆ ದಶಕದ ಶ್ರೇಷ್ಠ ಕೃತಿಯಾಗಿ ಕಂಡ ಗೇಮಿನ ಬಗ್ಗೆ ಇದಕ್ಕಿಂತ ತಪ್ಪು ಮಾತನ್ನು ಹೇಳಲು ಸಾಧ್ಯವಿಲ್ಲ. ವಿಮರ್ಶಕ ಕೊಡುವ ಅಂಕದ ಬಗ್ಗೆ ನನಗೆ ತಕರಾರಿಲ್ಲ, ಅದು ಇರಲಿ. ಹೋಗಬೇಕಾದದ್ದು ಆ ಅಂಕಗಳನ್ನೆಲ್ಲ ಅರೆದು ತೆಗೆದ ಸರಾಸರಿ.

ಈ ಸರಾಸರಿ ಹೇಗೆ ತಯಾರಾಗುತ್ತದೆ ಎನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ದೋಷವಿರುವುದು ಅಡುಗೆಮನೆಯಲ್ಲೇ. ಮೆಟಾಕ್ರಿಟಿಕ್ 2001ರಲ್ಲಿ ಶುರುವಾದ ತಾಣ. ಅಲ್ಲಿ ಎಲ್ಲ ಪತ್ರಿಕೆಗಳಿಗೂ ಸಮಾನ ತೂಕವಿಲ್ಲ; ಯಾರಿಗೆ ಎಷ್ಟು ತೂಕ ಎಂಬುದನ್ನು ಅದು ಬಹಿರಂಗಪಡಿಸುವುದಿಲ್ಲ. ಅಂಕ ಕೊಡದೆ ಬರೀ ಮಾತಿನಲ್ಲಿ ಬರೆದ ವಿಮರ್ಶೆ ಎಷ್ಟೇ ಆಳವಾಗಿದ್ದರೂ ಲೆಕ್ಕಕ್ಕಿಲ್ಲ. ಐದು ನಕ್ಷತ್ರಗಳಲ್ಲಿ ಮೂರು ಕೊಟ್ಟರೆ ಅದು 60 ಆಗುತ್ತದೆ. ಮೂರು ನಕ್ಷತ್ರ ಕೊಡುವವರು ಸಾಮಾನ್ಯವಾಗಿ ‘ಒಳ್ಳೆಯದಿದೆ, ಕೊರತೆಗಳೂ ಇವೆ’ ಎನ್ನುತ್ತಿರುತ್ತಾರೆ. ಆದರೆ ಗೇಮ್ ಲೋಕದಲ್ಲಿ 60 ಎಂದರೆ ಫೇಲು. ವಿಮರ್ಶಕ ಹೇಳದೇ ಇದ್ದ ಮಾತನ್ನು ಹೀಗೆ ಅವನ ಬಾಯಲ್ಲಿ ತುರುಕಲಾಗುತ್ತದೆ. ಇನ್ನೊಂದು ಸಂಗತಿ ನನಗೆ ಇದಕ್ಕಿಂತಲೂ ಮುಖ್ಯ. ಅದೇ ತಾಣದಲ್ಲಿ ಸಿನಿಮಾಗೆ 61 ಬಂದರೆ ಹಸಿರು ಬಣ್ಣ ಸಿಗುತ್ತದೆ. ಗೇಮಿಗೆ ಹಸಿರು ಸಿಗಬೇಕಾದರೆ 75 ಬೇಕು. ಗೇಮ್ ವಿಮರ್ಶೆಯ ಅಳತೆಗೋಲು ಮೇಲಿನ ಕಾಲುಭಾಗಕ್ಕೆ ಕುಗ್ಗಿಹೋಗಿದೆ ಎಂದು ಲೆಕ್ಕ ಹಾಕುವವರೇ ಒಪ್ಪಿಕೊಂಡಂತಾಯಿತಲ್ಲ.

ಕುಗ್ಗಿದ್ದಕ್ಕೆ ಕಾರಣ ವಿಮರ್ಶಕರ ಅಂಜಿಕೆಯೊಂದೇ ಅಲ್ಲ. 2024ರಲ್ಲಿ ಪಿಸಿ ಗೇಮ್‌ಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್ ಒಂದರಲ್ಲೇ 18 ಸಾವಿರಕ್ಕೂ ಹೆಚ್ಚು ಗೇಮ್‌ಗಳು ಬಿಡುಗಡೆಯಾದವು. ಅವುಗಳಲ್ಲಿ ವಿಮರ್ಶಕರ ಮೇಜಿಗೆ ಬರುವುದು ಕೆಲವೇ ನೂರು. ಅವೂ ಆಗಲೇ ಒಂದು ಜರಡಿ ದಾಟಿ ಬಂದವು. ಹಣ, ಅನುಭವ, ಪ್ರಚಾರ ಇರುವ ದೊಡ್ಡ ಸ್ಟುಡಿಯೊಗಳ ಕೆಲಸ ತಾಂತ್ರಿಕವಾಗಿ ತೀರಾ ಕಳಪೆಯಾಗಿರುವುದು ಅಪರೂಪ. ಹಾಗಾಗಿ 7ರಿಂದ 10ರೊಳಗೇ ಎಲ್ಲ ತೀರ್ಮಾನಗಳೂ ನಡೆಯುತ್ತವೆ. ಇಷ್ಟು ಇಕ್ಕಟ್ಟಾದ ಜಾಗದಲ್ಲಿ ಒಂದೊಂದು ಅಂಕಕ್ಕೂ ಇಲ್ಲದ ಮಹತ್ವ ಬರುತ್ತದೆ. 2023ರಲ್ಲಿ ‘ಸ್ಟಾರ್‌ಫೀಲ್ಡ್’ಗೆ ಐಜಿಎನ್ ಮತ್ತು ಗೇಮ್‌ಸ್ಪಾಟ್ ಎರಡೂ 7 ಕೊಟ್ಟವು. ‘ಒಳ್ಳೆಯ ಗೇಮ್’ ಎಂಬ ಆ ತೀರ್ಪನ್ನು ಅಭಿಮಾನಿಗಳು ಅವಮಾನವೆಂದು ಓದಿಕೊಂಡು ರೇಗಿದರು. ಆ ವಿಮರ್ಶೆಗಳಲ್ಲಿದ್ದ ನಿಜವಾದ ತಕರಾರುಗಳ ಬಗ್ಗೆ, ಅಂದರೆ ಸಾವಿರ ಗ್ರಹಗಳಲ್ಲಿ ಹರಡಿಹೋದ ಅನ್ವೇಷಣೆಯ ಸಪ್ಪೆತನದ ಬಗ್ಗೆ, ಅಷ್ಟು ಬಿಸಿಯಾಗಿ ಚರ್ಚೆ ನಡೆಯಲಿಲ್ಲ. ಸಂಖ್ಯೆ ಮಾತನ್ನು ನುಂಗಿಹಾಕಿತ್ತು.

ಓದುಗರ ಮಟ್ಟದಲ್ಲಿ ಇದು ಬರೀ ಕಿರಿಕಿರಿ. ಗೇಮ್ ಕಟ್ಟುವವರ ಮಟ್ಟದಲ್ಲಿ ಅನ್ನದ ಪ್ರಶ್ನೆ. ಅಬ್ಸಿಡಿಯನ್ ಸ್ಟುಡಿಯೊ 2010ರಲ್ಲಿ ‘ಫಾಲ್‌ಔಟ್: ನ್ಯೂ ವೇಗಸ್’ ಮಾಡಿಕೊಟ್ಟಾಗ, ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ಬೋನಸ್ ಎಂಬ ಕರಾರಿತ್ತು. ಬಂದದ್ದು 84. ಆ ಬೋನಸ್ ಸಿಗಲಿಲ್ಲ ಎಂದು ಸ್ಟುಡಿಯೊದ ಸಹ ಮಾಲೀಕರಲ್ಲಿ ಒಬ್ಬರಾಗಿದ್ದ ಕ್ರಿಸ್ ಅವೆಲೋನ್ 2012ರಲ್ಲಿ ಬಹಿರಂಗವಾಗಿ ಹೇಳಿದರು. ಯಾರೋ ಒಬ್ಬ ವಿಮರ್ಶಕ ತನ್ನ ಓದುಗರಿಗಾಗಿ ಪ್ರಾಮಾಣಿಕವಾಗಿ ಹಾಕಿದ ಅಂಕ, ಅವನು ಎಂದೂ ನೋಡದ ಕಾರ್ಮಿಕರ ಸಂಭಾವನೆಯನ್ನು ನಿರ್ಧರಿಸಿಬಿಟ್ಟಿತು. ಗೇಮ್ ಕಟ್ಟುವ ದುಡಿಮೆ ನಮಗೆ ದೂರದ ಸಂಗತಿಯೇನಲ್ಲ: 1997ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಧ್ರುವ ಇಂಟರ‍್ಯಾಕ್ಟಿವ್ ಹೊರದೇಶಗಳ ಗೇಮ್‌ಗಳಿಗೆ ವರ್ಷಗಟ್ಟಲೆ ಚಿತ್ರಕೆಲಸ ಮಾಡಿ, 2019ರಲ್ಲಿ ಗೇಮ್ ಕಂಪನಿ ರಾಕ್‌ಸ್ಟಾರ್‌ನ ಕೈಸೇರಿತು. ತೆರೆಯ ಮೇಲೆ ಕಾಣುವ ಒಂದು ಕಾರಿನ ಹೊಳಪಿನ ಹಿಂದೆ ಎಷ್ಟು ಜನರ ತಿಂಗಳುಗಳಿವೆ ಎಂದು ಈ ಊರಿನ ಕಲಾವಿದರಿಗೆ ಚೆನ್ನಾಗಿ ಗೊತ್ತು. ಆ ಕೆಲಸವನ್ನು ಒಂದು ಸಂಖ್ಯೆಯೊಳಗೆ ಕೂಡಿಹಾಕುವುದು ಅನ್ಯಾಯ. ಇದಕ್ಕಿಂತ ಸೂಕ್ಷ್ಮವಾದ ಹಾನಿಯೂ ಒಂದುಂಟು. ಸರಾಸರಿ ಏರಬೇಕಾದರೆ ಯಾರಿಗೂ ಬೇಸರವಾಗಬಾರದು, ಯಾರನ್ನೂ ಕೆಣಕಬಾರದು. ‘ಡೆತ್ ಸ್ಟ್ರ್ಯಾಂಡಿಂಗ್ 2’ ತಯಾರಾಗುವಾಗ, ಪರೀಕ್ಷೆಗೆ ಆಡಿದವರೆಲ್ಲ ಮೆಚ್ಚಿದ್ದನ್ನು ಕಂಡು ಕೊಜಿಮಾ ಚಿಂತೆಗೀಡಾಗಿ ಕೆಲವು ಭಾಗಗಳನ್ನು ಬದಲಿಸಿದರೆಂದು ಅದಕ್ಕೆ ಸಂಗೀತ ನೀಡಿದ ವುಡ್‌ಕಿಡ್ ಹೇಳಿದ್ದಾರೆ. ಹಾಗೆ ಚಿಂತಿಸುವ ಸ್ವಾತಂತ್ರ್ಯ ಎಷ್ಟು ನಿರ್ದೇಶಕರಿಗಿದೆ? ಬೋನಸ್ಸಿನ ಕರಾರಿಗೆ ಸಹಿ ಹಾಕಿದ ಸ್ಟುಡಿಯೊ ಎಲ್ಲರೂ ಮೆಚ್ಚುವುದನ್ನೇ ಮಾಡಬೇಕಾಗುತ್ತದೆ.

ಕಾಲದ ಲೆಕ್ಕದಲ್ಲೂ ಸರಾಸರಿ ಸೋಲುತ್ತದೆ. ‘ಸೈಬರ್‌ಪಂಕ್ 2077’ 2020ರ ಡಿಸೆಂಬರ್ 10ರಂದು ಬಿಡುಗಡೆಯಾಯಿತು. ಅದಕ್ಕೆ ಮೊದಲು ವಿಮರ್ಶಕರಿಗೆ ಸಿಕ್ಕಿದ್ದು ಪಿಸಿ ಆವೃತ್ತಿ ಮಾತ್ರ. ತಾವು ಆಡಿದ್ದನ್ನು ಚಿತ್ರೀಕರಿಸಿ ತೋರಿಸುವುದಕ್ಕೂ ಅನುಮತಿ ಇರಲಿಲ್ಲ. ವಿಮರ್ಶೆ ಪ್ರಕಟಿಸದಂತೆ ಇದ್ದ ತಡೆ (ಎಂಬಾರ್ಗೊ) ಮುಗಿದ ದಿನ ಸರಾಸರಿ 90ರ ಆಸುಪಾಸಿನಲ್ಲಿತ್ತು. 80 ಲಕ್ಷ ಪ್ರತಿಗಳು ಮುಂಗಡವಾಗಿಯೇ ಮಾರಾಟವಾಗಿದ್ದವು. ಸೋನಿಯ ಹಳೆಯ ಕನ್ಸೋಲ್ ಪಿಎಸ್4ರಲ್ಲಿ ಅದನ್ನು ಹಾಕಿದವರಿಗೆ ಕಂಡದ್ದು ತಡವರಿಸುವ, ಮಧ್ಯೆ ಮಧ್ಯೆ ನಿಂತೇಹೋಗುವ ಬೇರೊಂದು ವಸ್ತು. ಆ ಆವೃತ್ತಿಯ ಅಂಕ ಕೊನೆಗೆ 57ಕ್ಕೆ ಬಂದು ನಿಂತಿತು. ಸೋನಿ ಒಂದು ವಾರದಲ್ಲೇ ಅದನ್ನು ತನ್ನ ಅಂಗಡಿಯಿಂದ ತೆಗೆದುಹಾಕಿ, ಸುಮಾರು ಆರು ತಿಂಗಳು ಒಳಗೆ ಬಿಡಲಿಲ್ಲ. ಸರಾಸರಿಯೇ ತಾನೆ ಕೊನೆಗೆ ಸತ್ಯ ಹೇಳಿದ್ದು ಎಂದು ಯಾರಾದರೂ ವಾದಿಸಬಹುದು. ಹೇಳಿತು ನಿಜ, ಹಣ ಕೈಬಿಟ್ಟ ಮೇಲೆ. ಆ 90ರಲ್ಲಿ ಭಾಗಿಯಾದ ಹಲವು ವಿಮರ್ಶೆಗಳ ಒಳಗೆ ‘ದೋಷಗಳು ವಿಪರೀತವಾಗಿವೆ’, ‘ಕನ್ಸೋಲ್ ಆವೃತ್ತಿಯನ್ನು ನಾವು ನೋಡಿಲ್ಲ’ ಎಂಬ ಎಚ್ಚರಿಕೆಗಳು ಸ್ಪಷ್ಟವಾಗಿದ್ದವು. ಸರಾಸರಿ ತೆಗೆಯುವಾಗ ಮೊದಲು ಉದುರಿಹೋಗುವುದು ಇಂಥ ಎಚ್ಚರಿಕೆಯ ವಾಕ್ಯಗಳೇ. ಮುಂದಿನ ಮೂರು ವರ್ಷ ಅದೇ ಗೇಮನ್ನು ತಿದ್ದಿ ತೀಡಿ, 2023ರಲ್ಲಿ ‘ಫ್ಯಾಂಟಮ್ ಲಿಬರ್ಟಿ’ ವಿಸ್ತರಣೆಯ ಹೊತ್ತಿಗೆ ನಿಜಕ್ಕೂ ಒಳ್ಳೆಯದನ್ನಾಗಿ ಮಾಡಲಾಯಿತು. ಆದರೆ ಮೆಟಾಕ್ರಿಟಿಕ್ ನಿಯಮದ ಪ್ರಕಾರ ಪತ್ರಿಕೆಯೊಂದು ಮೊದಲು ಕೊಟ್ಟ ಅಂಕವೇ ಕೊನೆಯದು. ಪ್ರಕಾಶಕರ ಒತ್ತಡಕ್ಕೆ ಅಂಕ ಬದಲಾಗದಿರಲಿ ಎಂಬ ಉದ್ದೇಶವನ್ನು ನಾನು ಗೌರವಿಸುತ್ತೇನೆ. ಆದರೂ ಪರಿಣಾಮ ನೋಡಿ: 2016ರ ‘ನೋ ಮ್ಯಾನ್ಸ್ ಸ್ಕೈ’ ವರ್ಷಗಟ್ಟಲೆ ಉಚಿತವಾಗಿ ಬೆಳೆದು, ಸ್ಟೀಮ್ ಬಳಕೆದಾರರ ಮೆಚ್ಚುಗೆಯನ್ನು 2024ರಲ್ಲಿ ಮರಳಿ ಗಳಿಸಿತು, ಪಿಎಸ್4 ಪುಟದಲ್ಲಿ ಅದಿನ್ನೂ 71ರಲ್ಲೇ ನಿಂತಿದೆ.

ಇಷ್ಟಾದರೂ ಸರಾಸರಿಯ ಪರವಾಗಿ ಇರುವ ಅತ್ಯಂತ ಬಲವಾದ ವಾದಕ್ಕೆ ಉತ್ತರ ಹೇಳಲೇಬೇಕು. ಒಬ್ಬ ವಿಮರ್ಶಕ ವಿಚಿತ್ರ ಅಭಿರುಚಿಯವನಾಗಿರಬಹುದು, ಜಾಹೀರಾತಿನ ಒತ್ತಡಕ್ಕೆ ಮಣಿದವನಾಗಿರಬಹುದು. ಐವತ್ತು ಜನರನ್ನು ಕೂಡಿಸಿದರೆ ಒಬ್ಬನ ತಪ್ಪು ಅಡಗಿಹೋಗುತ್ತದಲ್ಲ ಎನ್ನುತ್ತಾರೆ. ಒತ್ತಡ ಕಟ್ಟುಕಥೆಯಲ್ಲ. 2007ರ ನವೆಂಬರಿನಲ್ಲಿ ಗೇಮ್‌ಸ್ಪಾಟ್‌ನ ಜೆಫ್ ಗರ್ಸ್ಟ್‌ಮನ್, ತಮ್ಮದೇ ತಾಣದಲ್ಲಿ ದೊಡ್ಡ ಜಾಹೀರಾತು ಹಾಕಿದ್ದ ‘ಕೇನ್ ಅಂಡ್ ಲಿಂಚ್’ಗೆ 6 ಕೊಟ್ಟರು, ಸ್ವಲ್ಪ ದಿನಗಳಲ್ಲೇ ಕೆಲಸದಿಂದ ವಜಾ ಆದರು. ಅಂಕಗಳ ವಿಷಯದಲ್ಲಿ ಪ್ರಕಾಶಕರ ಒತ್ತಡವಿದ್ದದ್ದನ್ನು 2012ರಲ್ಲಿ ಅವರೇ ಬಿಡಿಸಿ ಹೇಳಿದರು. ಆದರೆ ಈ ಪ್ರಸಂಗ ಸಾಬೀತುಪಡಿಸುವುದು ಏನನ್ನು? ಆ ಗೇಮಿನ ಸರಾಸರಿಯೂ 65ರ ಆಸುಪಾಸಿನಲ್ಲೇ ಇತ್ತು. ಗರ್ಸ್ಟ್‌ಮನ್ ತಪ್ಪಿರಲಿಲ್ಲ, ಗುಂಪಿನ ಜೊತೆಗೇ ಇದ್ದರೂ ಅವರಿಗೆ ರಕ್ಷಣೆ ಸಿಗಲಿಲ್ಲ. ಓದುಗರು ನಂಬಿದ್ದು ಸಂಖ್ಯೆಯನ್ನಲ್ಲ, ಆ ವ್ಯಕ್ತಿಯನ್ನು. ಮರುವರ್ಷ ಅವರು ಜೈಂಟ್ ಬಾಂಬ್ ಎಂಬ ತಾಣ ಕಟ್ಟಿದಾಗ ಆ ಓದುಗರು ಹಿಂದೆಯೇ ಹೋದರು. ಇನ್ನು ವಿಚಿತ್ರ ಅಭಿರುಚಿ. ಅದನ್ನು ಅಡಗಿಸುವುದು ಲಾಭವೆಂದು ನನಗೆ ತೋರುವುದಿಲ್ಲ. ನಿಧಾನದ ಗೇಮ್‌ಗಳನ್ನು ಸಹಿಸದ ವಿಮರ್ಶಕ ಯಾರೆಂದು ಗೊತ್ತಿದ್ದರೆ, ಅವನ 6ರಿಂದಲೂ ನನಗೆ ಬೇಕಾದ ಸುಳಿವು ಸಿಗುತ್ತದೆ.

ವಿಮರ್ಶಕರ ಗೊಡವೆಯೇ ಬೇಡ, ಆಡಿದ ಜನರ ಮಾತು ಕೇಳೋಣ ಎನ್ನುವವರೂ ಇದ್ದಾರೆ. ಜನರ ಮಾತು ಬೇಕು, ಅದರಲ್ಲೂ ಕೊಂಡು ಆಡಿದ ಗಂಟೆಗಳನ್ನು ಪಕ್ಕದಲ್ಲೇ ತೋರಿಸುವ ಸ್ಟೀಮ್‌ನಂಥ ವ್ಯವಸ್ಥೆಯಲ್ಲಿ. ಆದರೆ ಅದನ್ನೂ ಒಂದೇ ಸಂಖ್ಯೆಗೆ ಇಳಿಸಿದರೆ ಅದೇ ರೋಗ, ಇನ್ನೂ ಜೋರಾಗಿ. ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’ 2020ರ ಜೂನ್‌ನಲ್ಲಿ ಬಂದ ಕೆಲವೇ ಗಂಟೆಗಳಲ್ಲಿ, ಅಷ್ಟು ಉದ್ದದ ಗೇಮನ್ನು ಯಾರೂ ಮುಗಿಸಲಾಗದಷ್ಟು ಬೇಗ, ಸಾವಿರಾರು ಸೊನ್ನೆಗಳು ಬಿದ್ದವು. ಆಮೇಲೆ ಮೆಟಾಕ್ರಿಟಿಕ್ ಬಳಕೆದಾರರ ಅಂಕಕ್ಕೆ 36 ಗಂಟೆಗಳ ತಡೆ ಹಾಕಿತು. 2024ರ ಮೇ ತಿಂಗಳಲ್ಲಿ ‘ಹೆಲ್‌ಡೈವರ್ಸ್ 2’ ಮೇಲೆ ಬಿದ್ದ ಎರಡು ಲಕ್ಷಕ್ಕೂ ಹೆಚ್ಚು ಕೆಟ್ಟ ವಿಮರ್ಶೆಗಳು ಬೇರೆ ಬಗೆಯವು: ಸೋನಿಯ ಪಿಎಸ್‌ಎನ್ ಜಾಲದ ಖಾತೆ ಕಡ್ಡಾಯವೆಂಬ ನಿಯಮದ ವಿರುದ್ಧ ಆಡುಗರು ನಡೆಸಿದ ಪ್ರತಿಭಟನೆ. ಅದು ನ್ಯಾಯವಾಗಿತ್ತು, ಸೋನಿ ಹಿಂದೆಗೆಯಿತು ಕೂಡ. ಆದರೆ ಗೇಮ್ ಹೇಗಿದೆ ಎಂಬ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. ಸಿಟ್ಟು, ಪ್ರತಿಭಟನೆ, ಮೆಚ್ಚುಗೆ, ತಾಂತ್ರಿಕ ದೂರು ಎಲ್ಲವೂ ಒಂದೇ ಶೇಕಡಾವಾರಿನೊಳಗೆ ಕರಗಿದರೆ ಯಾವುದನ್ನೂ ಬೇರ್ಪಡಿಸಿ ನೋಡಲಾಗದು.

ಹಾಗಿದ್ದರೆ ಅಂಕವನ್ನೇ ಪೂರ್ತಿ ಬಿಡಬಹುದಲ್ಲ? ಯೂರೋಗೇಮರ್ ತಾಣ ಆ ಪ್ರಯೋಗ ಮಾಡಿತು. 2015ರಲ್ಲಿ ಹತ್ತರ ಅಂಕ ಕೈಬಿಟ್ಟು, ‘ಆಡಲೇಬೇಕು’, ‘ಆಡಬಹುದು’, ‘ಬೇಡ’ ಎಂಬಂಥ ಮುದ್ರೆಗಳನ್ನಷ್ಟೇ ಉಳಿಸಿಕೊಂಡಿತು; ನಡುವಿನ ಬಹಳಷ್ಟು ಗೇಮ್‌ಗಳು ಯಾವ ಮುದ್ರೆಯೂ ಇಲ್ಲದೆ ಉಳಿದವು. 2023ರಲ್ಲಿ ಐದು ನಕ್ಷತ್ರಗಳ ಪದ್ಧತಿಯೊಂದಿಗೆ ಅಂಕಕ್ಕೆ ಮರಳಿತು. ನನಗೆ ಆ ಮರಳುವಿಕೆ ಸೋಲಾಗಿ ಕಾಣುವುದಿಲ್ಲ. ಅಂಕ ವಿಮರ್ಶಕನನ್ನು ಒಂದು ನಿಲುವಿಗೆ ಕಟ್ಟಿಹಾಕುತ್ತದೆ. ಎರಡು ಸಾವಿರ ಪದ ಬರೆದು ಇದೂ ಹೌದು, ಅದೂ ಹೌದು ಎಂದು ಜಾರಿಕೊಳ್ಳಲು ಬಿಡುವುದಿಲ್ಲ. ಹೊಸದಾಗಿ ಬಂದ ದೊಡ್ಡ ಪಿಎಸ್5 ಗೇಮಿಗೆ ನಮ್ಮಲ್ಲಿ ಸುಮಾರು 5,000 ರೂಪಾಯಿ ಕೊಡಬೇಕು. ಅಷ್ಟು ಹಣ ಕೊಡುವವರಿಗೆ ‘ಕೊಳ್ಳಲೋ ಬೇಡವೋ’ ಎಂದು ಕೇಳುವ ಹಕ್ಕಿದೆ. ಆ ಹಕ್ಕಿಗೆ ಸಲ್ಲಬೇಕಾದದ್ದು ಹೆಸರಿರುವ ಒಬ್ಬರ ಉತ್ತರ. ಫ್ಯಾಮಿತ್ಸು ಇದನ್ನು ದಶಕಗಳಿಂದ ತೋರಿಸುತ್ತ ಬಂದಿದೆ: ನಾಲ್ವರ ಅಂಕಗಳನ್ನು ಬೇರೆಬೇರೆಯಾಗಿಯೇ ಅಚ್ಚು ಹಾಕುತ್ತದೆ. ಒಬ್ಬರು 9, ಇನ್ನೊಬ್ಬರು 6 ಎಂದಿದ್ದರೆ ಜಗಳ ಅಲ್ಲೇ ಕಾಣುತ್ತದೆ. ಮೊತ್ತ ಕೆಳಗಿದ್ದರೂ ಯಾರನ್ನೂ ಮರೆಮಾಡುವುದಿಲ್ಲ. ಒಟ್ಟುಗೂಡಿಸುವ ತಾಣಗಳು ಸರಾಸರಿಯ ಜಾಗದಲ್ಲಿ ಅಂಕಗಳ ಹರಡುವಿಕೆಯನ್ನೇ ದೊಡ್ಡದಾಗಿ ತೋರಿಸಲಿ. ಪ್ರತಿ ವಿಮರ್ಶೆಯ ತಲೆಯ ಮೇಲೆ ಯಾವ ಯಂತ್ರ, ಯಾವ ತಿದ್ದುಪಡಿ (ಪ್ಯಾಚ್), ಎಷ್ಟು ಗಂಟೆ, ಮುಗಿಸಿದ್ದೋ ಇಲ್ಲವೋ ಎಂಬ ವಿವರವಿರಲಿ.

ಸರಾಸರಿ ಇಲ್ಲದಿದ್ದರೆ ಮಾರುಕಟ್ಟೆ ನಿಂತುಹೋಗುತ್ತದೆ ಎಂಬ ಭಯಕ್ಕೆ 2025ರ ಸೆಪ್ಟೆಂಬರ್ 4ರಂದು ಉತ್ತರ ಸಿಕ್ಕಿತು. ಆಸ್ಟ್ರೇಲಿಯದ ಪುಟ್ಟ ಸ್ಟುಡಿಯೊ ಟೀಮ್ ಚೆರ್ರಿ ತನ್ನ ‘ಹಾಲೊ ನೈಟ್: ಸಿಲ್ಕ್‌ಸಾಂಗ್’ ಅನ್ನು ವಿಮರ್ಶಕರಿಗೆ ಮೊದಲೇ ಕೊಡಲಿಲ್ಲ, ಶುರುವಿನಲ್ಲಿ ಹಣ ಹಾಕಿ ಬೆಂಬಲಿಸಿದವರಿಗಿಂತ ಮುಂಚೆ ಅವರು ಆಡುವುದು ಸರಿಯಲ್ಲ ಎಂಬ ಕಾರಣಕ್ಕೆ. ಬಿಡುಗಡೆಯ ಗಳಿಗೆಯಲ್ಲಿ ಒಂದೇ ಒಂದು ಅಂಕವೂ ಇರಲಿಲ್ಲ. ಆದರೂ ಸ್ಟೀಮ್‌ನಲ್ಲಿ ಏಕಕಾಲಕ್ಕೆ ಐದು ಲಕ್ಷಕ್ಕೂ ಹೆಚ್ಚು ಜನ ಆಡುತ್ತಿದ್ದರು. ವಿಮರ್ಶಕರು ಓದುಗರ ಜೊತೆಯಲ್ಲೇ ಅದೇ ಬಾಸ್‌ಗಳೆಂಬ ದೊಡ್ಡ ಶತ್ರುಗಳಿಗೆ ಸೋತು, ಸೋತವರು ಮರಳುವ ಅದೇ ಬೆಂಚಿನಿಂದ ಮತ್ತೆ ಮತ್ತೆ ಹೊರಟು, ಹಲವು ದಿನಗಳ ಮೇಲೆ ಬರೆದರು. ಒಂದೇ ಏಟಿಗೆ ಎರಡು ಜೀವ ಕಳೆಯುವ ಆ ಕಠಿಣತೆ ಕೃತಿಯ ಅರ್ಥವೋ, ಅತಿರೇಕವೋ ಎಂಬುದರ ಬಗ್ಗೆ ಆ ಎರಡು ವಾರ ನಡೆದ ವಾದ, ಈಚಿನ ಗೇಮ್ ವಿಮರ್ಶೆಯಲ್ಲಿ ನಾನು ಓದಿದ ಅತ್ಯಂತ ಜೀವಂತ ಚರ್ಚೆ. ಸ್ಟುಡಿಯೊ ಕೂಡ ಮೊದಲ ಪ್ಯಾಚಿನಲ್ಲಿ ಆರಂಭದ ಎರಡು ಬಾಸ್‌ಗಳನ್ನೂ ಇನ್ನು ಕೆಲವು ಅಂಶಗಳನ್ನೂ ಕೊಂಚ ಸಡಿಲಗೊಳಿಸಿ, ಉಳಿದ ಕಠಿಣತೆಯನ್ನು ಬಹುಪಾಲು ಹಾಗೆಯೇ ಬಿಟ್ಟಿತು.