ದನಿ, ಮೈ, ಕೈ

ಕೋಲ್ಕತ್ತಾದ ಓಣಿಗಳಲ್ಲಿ ಸಂಜೆ ಹೊತ್ತು ನಡೆದರೆ ಯಾವುದಾದರೊಂದು ಮನೆಯಿಂದ ಮಕ್ಕಳು ಕವಿತೆ ಹೇಳುವುದು ಕೇಳಿಸುತ್ತದೆ. ಹಾಡುವುದಲ್ಲ, ಹೇಳುವುದು. ಅದಕ್ಕೆ ಅಲ್ಲಿ ಆಬೃತ್ತಿ ಎನ್ನುತ್ತಾರೆ. ಸಂಗೀತಕ್ಕೆ, ಚಿತ್ರಕಲೆಗೆ ಕಳಿಸಿದ ಹಾಗೆಯೇ ಬಂಗಾಳಿ ಮನೆಗಳವರು ಮಕ್ಕಳನ್ನು ಆಬೃತ್ತಿ ಪಾಠಕ್ಕೂ ಕಳಿಸುತ್ತಾರೆ. ಉಸಿರನ್ನು ಎಲ್ಲಿ ತೆಗೆದುಕೊಳ್ಳಬೇಕು, ಸಾಲಿನ ಕೊನೆಯಲ್ಲಿ ದನಿ ಇಳಿಯಬೇಕೋ ತೇಲಬೇಕೋ, ಮಹಾಪ್ರಾಣ ಬಂದಾಗ ಎದೆಯಿಂದ ಎಷ್ಟು ಗಾಳಿ ಬಿಡಬೇಕು, ಇದನ್ನೆಲ್ಲ ಗುರುಗಳು ಪದ ಪದವಾಗಿ ತಿದ್ದುತ್ತಾರೆ. ಬಂಗಾಳಿ ಬಾರದ ನನ್ನಂಥವರೂ ಕಿಟಕಿಯಾಚೆ ನಿಂತು ಕೇಳಬಹುದು. ಅರ್ಥ ತಪ್ಪಿಹೋದರೂ ಮಾತಿನ ನಡಿಗೆ ಸಿಕ್ಕೇ ಸಿಗುತ್ತದೆ.

ನಮ್ಮಲ್ಲಿ ಕವಿತೆ ಬಾಯಿಗೆ ಬಂದರೆ ಸಾಮಾನ್ಯವಾಗಿ ರಾಗವನ್ನು ಹುಡುಕಿಕೊಂಡು ಹೊರಡುತ್ತದೆ. ಕುಮಾರವ್ಯಾಸನಿಗೆ ಗಮಕವುಂಟು. ಬೇಂದ್ರೆ, ಕುವೆಂಪು, ಕೆ.ಎಸ್. ನರಸಿಂಹಸ್ವಾಮಿಯವರಿಗೆ ಕಾಳಿಂಗರಾಯರು, ಅನಂತಸ್ವಾಮಿ, ಅಶ್ವಥ್ ಕೊಟ್ಟ ಧಾಟಿಗಳುಂಟು. ಎಷ್ಟೋ ಕವಿತೆಗಳನ್ನು ನಾವು ಹಾಡಿನ ನೆರವಿಲ್ಲದೆ ನೆನೆಯಲಾರೆವು. ಬಂಗಾಳಕ್ಕೂ ಹಾಡಿಗೇನು ಕೊರತೆ? ರವೀಂದ್ರರೊಬ್ಬರದೇ ಎರಡು ಸಾವಿರಕ್ಕೂ ಹೆಚ್ಚು. ಹಾಗಿದ್ದೂ ಆ ಜನ ಹೇಳುವ ಕವಿತೆಯನ್ನು ಹಾಡಿನ ಪಕ್ಕದಲ್ಲಿ ಬೇರೆಯಾಗಿಯೇ ಉಳಿಸಿಕೊಂಡಿದ್ದಾರೆ. ರಾಗ ಬಂದೊಡನೆ ಮಾತಿಗೆ ಸಿಗುವ ಊರುಗೋಲು ಇಲ್ಲಿ ಇಲ್ಲ. ಮಾತು ತನ್ನ ಕಾಲಿನ ಮೇಲೆ ತಾನೇ ನಿಲ್ಲಬೇಕು. ಈ ಒಂದು ವಿಷಯದಲ್ಲಿ ನನಗೆ ಬಂಗಾಳದ ಮೇಲೆ ನಿಜವಾದ ಅಸೂಯೆಯಿದೆ.

ಆಬೃತ್ತಿಯ ಚರಿತ್ರೆಯಲ್ಲಿ ನನ್ನನ್ನು ಬಿಡದೆ ಕಾಡುವುದು ಒಂದು ಮನೆಯ ಕತೆ. ‘ಬಿದ್ರೋಹಿ’ ಕವಿತೆ ಬರೆದ ಕಾಜಿ ನಜ್ರುಲ್ ಇಸ್ಲಾಂ 1942ರಲ್ಲಿ ಕಾಯಿಲೆ ಬಿದ್ದು ಮಾತನ್ನೂ ನೆನಪನ್ನೂ ಕಳೆದುಕೊಂಡರು. 1976ರಲ್ಲಿ ತೀರಿಕೊಳ್ಳುವವರೆಗೆ ಮೂವತ್ನಾಲ್ಕು ವರ್ಷ ಮೌನವಾಗಿಯೇ ಇದ್ದರು. ಆ ಕಾಲದಲ್ಲೇ ಅವರ ಮಗ ಕಾಜಿ ಸವ್ಯಸಾಚಿ ಬಂಗಾಳದ ಹೆಸರಾಂತ ಆಬೃತ್ತಿಕಾರರಾದರು. ತಂದೆಯ ಕವಿತೆಗಳನ್ನು ಜನ ಕೇಳಿದ್ದು ಮಗನ ಕಂಠದಲ್ಲಿ. ಆ ಧ್ವನಿಮುದ್ರಿಕೆಗಳಲ್ಲಿ ಸಾಲುಗಳು ಏರುತ್ತಾ ಏರುತ್ತಾ ಹೋಗಿ, ಇನ್ನು ಗಂಟಲು ಒಡೆದೀತು ಎನ್ನುವ ಕಡೆ ಒಂದಿಷ್ಟೂ ಒರಟಾಗದೆ ಮುಂದೆ ಸಾಗುತ್ತವೆ. ಅಬ್ಬರಕ್ಕೂ ಇಷ್ಟು ಹದ ಉಂಟೇ ಎಂದು ಬೆರಗಾಗುತ್ತದೆ.

ಮಾತಿನ ಈ ಮಮತೆ ಕಾಲೇಜಿನಿಂದ ರಂಗಕ್ಕೆ ಹರಿದದ್ದು ಶಿಶಿರ್ ಕುಮಾರ್ ಭಾದುಡಿಯವರಿಂದ. ವಿದ್ಯಾಸಾಗರ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಅವರು 1921ರಲ್ಲಿ ಪಾಠ ಬಿಟ್ಟು ಬಣ್ಣ ಹಚ್ಚಿದರು. ಅವರ ನಂತರದ ದೊಡ್ಡ ಹೆಸರು ಶಂಭು ಮಿತ್ರ. 1940ರ ದಶಕದಲ್ಲಿ ಜ್ಯೋತಿರಿಂದ್ರ ಮೈತ್ರರ ‘ಮಧುಬಂಶೀರ್ ಗಲಿ’ ಎಂಬ ದೀರ್ಘ ಕವಿತೆಯನ್ನು ಸಭೆ ಸಭೆಗಳಲ್ಲಿ ಹೇಳಿ ಮನೆಮಾತಾದವರು. 1948ರಲ್ಲಿ ‘ಬಹುರೂಪಿ’ ತಂಡ ಕಟ್ಟಿದರು. 1954ರಲ್ಲಿ, ರಂಗಕ್ಕೆ ಒಗ್ಗದ ನಾಟಕವೆಂದು ಹಲವರು ಕೈಬಿಟ್ಟಿದ್ದ ರವೀಂದ್ರರ ‘ರಕ್ತಕರಬಿ’ಯನ್ನು ಆಡಿ ತೋರಿಸಿದರು. ತಾಪಸ್ ಸೇನರ ಬೆಳಕು, ಖಾಲೇದ್ ಚೌಧುರಿಯವರ ರಂಗಸಜ್ಜಿಕೆ, ನಾಯಕಿ ನಂದಿನಿಯಾಗಿ ತೃಪ್ತಿ ಮಿತ್ರ. ಆ ನಾಟಕದ ರಾಜ ಬಹುಪಾಲು ಹೊತ್ತು ಬಲೆಯ ಹಿಂದೆಯೇ ಇರುತ್ತಾನೆ, ಕೊನೆಗಷ್ಟೇ ಹೊರಬರುತ್ತಾನೆ. ನಟನಿಗೆ ಮುಖವಿಲ್ಲ, ಕೈಯಿಲ್ಲ, ನಿಲುವಿಲ್ಲ. ಬಲ, ದಣಿವು, ಪ್ರೀತಿಯ ಹಸಿವು ಎಲ್ಲವನ್ನೂ ದನಿಯೊಂದರಿಂದಲೇ ಕಟ್ಟಬೇಕು. ಆ ರಾಜನ ಪಾತ್ರವನ್ನು ಶಂಭು ಮಿತ್ರರೇ ವಹಿಸಿದರು. ಆಬೃತ್ತಿ ಮಾಡಿ ಪಳಗಿದ ಗಂಟಲಿಗೆ ಅದಕ್ಕಿಂತ ತಕ್ಕ ಪಾತ್ರ ಇನ್ನೊಂದು ಸಿಕ್ಕೀತೆ? ಮುಂದೆ 1970ರ ದಶಕದಲ್ಲಿ, ನಮ್ಮ ಗಿರೀಶ ಕಾರ್ನಾಡರ ‘ತುಘಲಕ್’ ಶ್ಯಾಮಾನಂದ ಜಾಲಾನರ ನಿರ್ದೇಶನದಲ್ಲಿ ಬಂಗಾಳಿಯಲ್ಲಿ ಬಂದಾಗ ತುಘಲಕನಾದವರೂ ಅವರೇ. ಕನ್ನಡದಲ್ಲಿ ಹುಟ್ಟಿದ ಆ ಸುಲ್ತಾನನ ಒಂಟಿ ಮಾತುಗಳು ಆ ಗಂಟಲಿನಲ್ಲಿ ಹೇಗೆ ತಿರುವು ತೆಗೆದುಕೊಂಡವೋ ಎಂದು ನಾನು ಈಗಲೂ ಊಹಿಸಿಕೊಳ್ಳುತ್ತಿರುತ್ತೇನೆ.

ಕಂಠದ ನಗರವೆನ್ನಬಹುದಾದ ಇಲ್ಲಿಯೇ ಮೂಕಾಭಿನಯವೂ ಬೇರುಬಿಟ್ಟಿತು. ಪೂರ್ವ ಬಂಗಾಳದಿಂದ ಹುಡುಗನಾಗಿ ಬಂದ ಜೋಗೇಶ್ ದತ್ತ ಎಳವೆಯಲ್ಲೇ ಬದುಕಿನ ಹೊರೆ ಹೊತ್ತವರು. ಸ್ವಂತವಾಗಿ ಕಲಿತು, ಕಾಳಿಘಾಟಿನಲ್ಲಿ ಮೂಕಾಭಿನಯಕ್ಕೆಂದೇ ಒಂದು ಅಕಾಡೆಮಿ ಕಟ್ಟಿದರು. ನಿರಂಜನ ಗೋಸ್ವಾಮಿಯವರು 1976ರಲ್ಲಿ ಇಂಡಿಯನ್ ಮೈಮ್ ಥಿಯೇಟರ್ ಆರಂಭಿಸಿದರು. 2009ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮೂಕಾಭಿನಯ ನೋಡುವಾಗ ನನ್ನ ಕಣ್ಣು ಹೋಗುವುದು ಭಾರದ ಕಡೆಗೆ. ಇಲ್ಲದ ಹಗ್ಗವನ್ನು ನಟ ಎಳೆಯುತ್ತಾನೆ. ಅದು ಹಗ್ಗವೆಂದು ನಂಬಿಸುವುದು ಮುಷ್ಟಿಯಲ್ಲ. ಹಿಂದಕ್ಕೆ ಊರಿದ ಹಿಮ್ಮಡಿ, ಒಂದು ಕ್ಷಣ ತಡವಾಗಿ ಹೊರಳುವ ಭುಜ, ಬಿಗಿದುಕೊಳ್ಳುವ ಸೊಂಟ ನಂಬಿಸುತ್ತವೆ. ಇಲ್ಲದ ಗೋಡೆಗೆ ಅಂಗೈ ಒತ್ತಿದಾಗ ಮೈಯೆಲ್ಲ ಸರಿದರೂ ಅಂಗೈ ಮಾತ್ರ ಗಾಳಿಯಲ್ಲಿ ಒಂದೇ ಬಿಂದುವಿನಲ್ಲಿ ನಿಂತಿರಬೇಕು. ಅದು ಕೂದಲೆಳೆಯಷ್ಟು ಅಲುಗಿದರೂ ಗೋಡೆ ಕುಸಿದಂತೆಯೇ.

ಹೀಗೆ ದನಿ ಒಂದು ಕಡೆ, ಮೈ ಇನ್ನೊಂದು ಕಡೆ. ಮೂರನೆಯದು ಕಿವುಡ ಮಕ್ಕಳ ಪಾಠ. 1893ರಲ್ಲಿ ಸಿಟಿ ಕಾಲೇಜಿನ ಪ್ರಾಂಶುಪಾಲ ಉಮೇಶಚಂದ್ರ ದತ್ತರ ಬೆಂಬಲದಲ್ಲಿ ಶ್ರೀನಾಥ ಸಿಂಹ, ಮೋಹಿನಿಮೋಹನ ಮಜುಂದಾರ್, ಯಾಮಿನೀನಾಥ ಬ್ಯಾನರ್ಜಿ ಸೇರಿ ಕಿವುಡ ಮಕ್ಕಳಿಗೊಂದು ಶಾಲೆ ತೆರೆದರು. ಯಾಮಿನೀನಾಥರು ಈ ವಿದ್ಯೆಗಾಗಿ ಸಮುದ್ರ ದಾಟಿ ಇಂಗ್ಲೆಂಡಿಗೂ ಅಮೆರಿಕದ ಗ್ಯಾಲೊಡೆಟ್ ಕಾಲೇಜಿಗೂ ಹೋಗಿ ಬಂದರು. ಅದೇ 1893ರ ಆರಂಭದಲ್ಲಿ ‘ಸಾಧನಾ’ ಪತ್ರಿಕೆಯಲ್ಲಿ ರವೀಂದ್ರರ ‘ಸುಭಾ’ ಕತೆ ಬಂದಿತ್ತು. ಮಾತು ಬಾರದ ಹಳ್ಳಿಯ ಹುಡುಗಿ ಅವಳು. ಸರ್ಬಶಿ, ಪಾಂಗುಲಿ ಎಂಬ ಎರಡು ಹಸುಗಳಿಗೆ ಅವಳ ಮನಸ್ಸು ತಿಳಿಯುತ್ತದೆ, ಮನೆಯವರಿಗೆ ತಿಳಿಯುವುದಿಲ್ಲ. ಅವಳನ್ನು ಕಲ್ಕತ್ತೆಗೆ ಕರೆತಂದು, ನಿಜ ಮುಚ್ಚಿಟ್ಟು ಮದುವೆ ಮಾಡುತ್ತಾರೆ. ಕತೆಯ ಸುಭಾ ಬಂದಿಳಿದ ಊರಿನಲ್ಲೇ ಅಂಥ ಮಕ್ಕಳ ಶಾಲೆಯೂ ಆ ವರ್ಷ ಬಾಗಿಲು ತೆರೆಯಿತು ಎನ್ನುವುದು ನನಗೆ ಪ್ರತಿ ಓದಿಗೂ ನೋವು ಕೊಡುತ್ತದೆ. ಅವಳು ಆ ಬಾಗಿಲವರೆಗೆ ತಲುಪಲೇ ಇಲ್ಲ.

ಆ ಕಾಲದ ಶಿಕ್ಷಣ ಕೈಸನ್ನೆಯನ್ನು ನೆಚ್ಚಿರಲಿಲ್ಲ. 1880ರಲ್ಲಿ ಮಿಲಾನ್ ನಗರದ ಸಮ್ಮೇಳನ ಕಿವುಡರಿಗೆ ತುಟಿಮಾತೇ ಸರಿ ಎಂದು ಠರಾವು ಮಾಡಿದ ಮೇಲೆ ಲೋಕದ ಬಹುತೇಕ ಶಾಲೆಗಳು ಆ ದಾರಿ ಹಿಡಿದವು. ಮಗುವಿನ ಬೆರಳನ್ನು ಗುರುವಿನ ಗಂಟಲಿನ ಮೇಲಿಟ್ಟು ನಾದದ ನಡುಕ ತೋರಿಸುವುದು, ಬಾಯ ಮುಂದೆ ಕಾಗದದ ಚೂರು ಹಿಡಿದು ‘ಪ’ಕಾರಕ್ಕೆ ಎಷ್ಟು ಗಾಳಿ, ಮಹಾಪ್ರಾಣಕ್ಕೆ ಎಷ್ಟು ಎಂದು ಕಣ್ಣಿಗೆ ಕಾಣಿಸುವುದು, ಕನ್ನಡಿಯೆದುರು ನಾಲಗೆ ಇಡುವ ಜಾಗ ತಿದ್ದುವುದು. ಆಬೃತ್ತಿಯ ಗುರುಗಳು ಕಿವಿಯಿಂದ ಮಾಡಿಸುವುದನ್ನೇ ಇಲ್ಲಿ ಸ್ಪರ್ಶದಿಂದ, ನೋಟದಿಂದ ಮಾಡಿಸುತ್ತಿದ್ದರು. ಆ ಶ್ರದ್ಧೆ ದೊಡ್ಡದು. ಆದರೆ ಆ ಠರಾವು ತಪ್ಪು ಎಂದು ನಾನು ಅಳುಕಿಲ್ಲದೆ ಹೇಳುತ್ತೇನೆ. ಮಗುವಿನ ಬಳಿ ಆಗಲೇ ಇದ್ದ ಭಾಷೆಯನ್ನು ಅದು ಭಾಷೆಯಲ್ಲವೆಂದು ಬದಿಗೆ ತಳ್ಳಿತು.

1973ರಲ್ಲಿ ಜರೀನ್ ಚೌಧುರಿಯವರು ಕೋಲ್ಕತ್ತಾದಲ್ಲೇ ಕಿವುಡ ನಟರ ‘ದಿ ಆ್ಯಕ್ಷನ್ ಪ್ಲೇಯರ್ಸ್’ ತಂಡ ಕಟ್ಟಿದರು. ಕಿವುಡರು ಮೂಕಾಭಿನಯಕ್ಕೆ ಬಂದಾಗ ‘ಅವರಿಗದು ಹುಟ್ಟಿನಿಂದಲೇ ಬರುತ್ತದೆ’ ಎನ್ನುವವರುಂಟು. ಬರುವುದಿಲ್ಲ. ಹಗ್ಗದ ಭಾರವನ್ನು ಅವರೂ ದಿನಗಟ್ಟಲೆ ಅಭ್ಯಾಸ ಮಾಡಿಯೇ ಗಳಿಸಬೇಕು. ಮೂಕಾಭಿನಯ ಬೇರೆ, ಸನ್ನೆ ಭಾಷೆ ಬೇರೆ. ನಟನಿಗೆ ಇಡೀ ರಂಗ ಬೇಕು. ಸನ್ನೆಯಲ್ಲಿ ಮಾತಾಡುವವರ ಕೈಗಳು ನೆತ್ತಿಯಿಂದ ಸೊಂಟದವರೆಗಿನ ಚೌಕಟ್ಟಿನೊಳಗೇ ಎಲ್ಲವನ್ನೂ ಮುಗಿಸುತ್ತವೆ. ನಟ ಲೋಟವನ್ನು ಎಲ್ಲರಿಗೂ ಕಾಣಿಸುತ್ತಾನೆ. ಸನ್ನೆಯ ಲೋಟ ಭಾಷೆ ಕಲಿತವರಿಗೆ ಮಾತ್ರ ತಿಳಿಯುವ ಪದ.

ನಮ್ಮ ದೇಶದ ಸನ್ನೆ ಭಾಷೆಯ ವ್ಯಾಕರಣದಲ್ಲಿ ಸವಿಯುವುದಕ್ಕೆ ಎಷ್ಟೊಂದಿದೆ! ಮೀಸೆ ತಿರುವಿದರೆ ಗಂಡಸು, ಮೂಗುತಿಯ ಜಾಗ ಮುಟ್ಟಿದರೆ ಹೆಂಗಸು. ‘ಕೊಡು’ ಎಂಬ ಕ್ರಿಯಾಪದ ಕೊಡುವವರಿಂದ ಪಡೆಯುವವರ ಕಡೆಗೆ ಗಾಳಿಯಲ್ಲಿ ಸಾಗುತ್ತದೆ. ನಾನು ನಿನಗೆ, ನೀನು ಅವಳಿಗೆ ಎಂಬ ವಿಭಕ್ತಿಯೆಲ್ಲ ಆ ಚಲನೆಯ ದಿಕ್ಕಿನಲ್ಲೇ ಅಡಗಿದೆ. ಕತೆ ಹೇಳುವಾಗ ಅಣ್ಣನನ್ನು ಬಲಕ್ಕೆ, ತಂಗಿಯನ್ನು ಎಡಕ್ಕೆ ಒಮ್ಮೆ ನಿಲ್ಲಿಸಿದರೆ ಸಾಕು, ಆಮೇಲೆ ಬೆರಳು ತೋರಿದ ಕಡೆ ಅವರು ಇದ್ದೇ ಇರುತ್ತಾರೆ. ಯಾರು, ಏನು, ಎಲ್ಲಿ ಎಂಬ ಪದಗಳು ವಾಕ್ಯದ ಕೊನೆಗೆ ಬರುತ್ತವೆ. ಹೌದೋ ಅಲ್ಲವೋ ಎಂದು ಕೇಳಬೇಕಾದರೆ ಹುಬ್ಬು ಏರಬೇಕು. ಕೈ ಅದೇ ಮಾತು ಹೇಳುತ್ತಿದ್ದರೂ ಹುಬ್ಬು ಏರದಿದ್ದರೆ ಅದು ಪ್ರಶ್ನೆಯಲ್ಲ, ಹೇಳಿಕೆ. ಆಬೃತ್ತಿಯಲ್ಲಿ ಸಾಲಿನ ಕೊನೆಗೆ ದನಿ ಮಾಡುವ ಕೆಲಸವನ್ನು ಇಲ್ಲಿ ಹುಬ್ಬು ಮಾಡುತ್ತದೆ. ಕಿವಿ ಕೇಳುವವರು ಕಲಿಯಲು ಕುಳಿತಾಗ ಕೈಗಿಂತ ಹೆಚ್ಚು ತೊಡಕಾಗುವುದು ಈ ಮುಖವೇ. ಸಭ್ಯತೆಯ ಹೆಸರಿನಲ್ಲಿ ನಾವು ಮುಖವನ್ನು ಅಷ್ಟು ಸುಮ್ಮನಿರಿಸಿದ್ದೇವೆ.

ಈ ಪಾಠಗಳಿಗೆ ಸಂಬಂಧಿಸಿದ ಎರಡು ಸಂಸ್ಥೆಗಳು ಇಂದು ಒಂದೇ ರಸ್ತೆಯಲ್ಲಿವೆ. 1962ರಲ್ಲಿ ಜೋಡಾಸಾಂಕೋದ ಠಾಕೂರ ಮನೆಯಲ್ಲಿ ಆರಂಭವಾಗಿ, ಅಹೀಂದ್ರ ಚೌಧುರಿಯಂಥ ನಟರನ್ನು ನಾಟಕದ ಪ್ರಾಧ್ಯಾಪಕರಾಗಿ ಪಡೆದ ರವೀಂದ್ರ ಭಾರತಿ ವಿಶ್ವವಿದ್ಯಾಲಯದ ಇನ್ನೊಂದು ಆವರಣ ಬಿ.ಟಿ. ರೋಡಿನಲ್ಲಿದೆ. ಅದೇ ರಸ್ತೆಯಲ್ಲಿ ಇನ್ನಷ್ಟು ಉತ್ತರಕ್ಕೆ ಬೋನ್‌ಹುಗ್ಲಿಯಲ್ಲಿ, ಶ್ರವಣ ಮತ್ತು ವಾಕ್ ತರಬೇತಿಯ ಅಲಿ ಯಾವರ್ ಜಂಗ್ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ.

ಕನ್ನಡಿಗನಾಗಿ ನನಗೆ ಅತ್ಯಂತ ಖುಷಿ ಕೊಟ್ಟ ಸಂಗತಿಯೊಂದು ಇದೆ. 1970ರ ದಶಕದ ಕೊನೆಯಲ್ಲಿ, ತಾವೇ ಕಿವುಡರಾದ ಮದನ್ ವಸಿಷ್ಠ ಮತ್ತು ಭಾಷಾವಿಜ್ಞಾನಿ ಜೇಮ್ಸ್ ವುಡ್‌ವರ್ಡ್ ಮೊದಲಾದವರು ದೆಹಲಿ, ಕಲ್ಕತ್ತಾ, ಬೊಂಬಾಯಿ, ಬೆಂಗಳೂರುಗಳ ಸನ್ನೆಗಳನ್ನು ಹೋಲಿಸಿ ನೋಡಿದರು. ನಾಲ್ಕೂ ಊರುಗಳ ಪದಗಳಲ್ಲಿ ಸುಮಾರು ಮುಕ್ಕಾಲು ಪಾಲು ಒಂದಕ್ಕೊಂದು ನಂಟುಳ್ಳವು ಎಂದು ಕಂಡುಕೊಂಡರು. ಬೆಂಗಳೂರಿನ ಪ್ರಭೇದಕ್ಕೂ ಕಲ್ಕತ್ತೆಯ ಪ್ರಭೇದಕ್ಕೂ ಬೇರೆ ಬೇರೆ ನಿಘಂಟುಗಳನ್ನೂ ತಂದರು. ಎಂದರೆ ಹೌರಾದಲ್ಲಿ ರೈಲು ಇಳಿದ ಬೆಂಗಳೂರಿನ ಕಿವುಡರು ಅಲ್ಲಿನ ಕಿವುಡರೊಂದಿಗೆ ಆ ಸಂಜೆಯೇ ಹರಟಬಹುದು. ನನಗಾದರೋ ಶಂಭು ಮಿತ್ರರ ತುಘಲಕನನ್ನು ಕೇಳಿ ತಿಳಿಯಲು ಬಂಗಾಳಿ ಬೇಕು.

ಉಳಿದ ಕಾಲು ಪಾಲಿನ ಬಗೆಗೂ ನನಗೆ ಅಷ್ಟೇ ಅಕ್ಕರೆ. ದೆಹಲಿಯ ಕೇಂದ್ರ ಸಂಸ್ಥೆ 2018ರಲ್ಲಿ 3,000 ಪದಗಳಿಂದ ಶುರುಮಾಡಿದ ಭಾರತೀಯ ಸನ್ನೆ ಭಾಷೆಯ ನಿಘಂಟು 2021ರ ಹೊತ್ತಿಗೆ 10,000 ಪದಗಳಿಗೆ ಬೆಳೆಯಿತು. ಬಹಳ ಒಳ್ಳೆಯ ಕೆಲಸ. ಒಂದೇ ಅರ್ಥಕ್ಕೆ ಕಲ್ಕತ್ತೆಯದೊಂದು, ಬೆಂಗಳೂರಿನದೊಂದು ಸನ್ನೆ ಇರುವ ಕಡೆ ಎರಡನ್ನೂ ಅದು ತನ್ನೊಳಗೆ ಇಟ್ಟುಕೊಳ್ಳಲಿ. ಧಾರವಾಡದ ಕನ್ನಡವನ್ನೂ ಮಂಗಳೂರಿನ ಕನ್ನಡವನ್ನೂ ನಾವು ಇಟ್ಟುಕೊಂಡೇ ಇದ್ದೇವಲ್ಲ.