ಬೆಂಗಳೂರಲ್ಲಿ ಹುಟ್ಟಿದವನ ಬೆತ್ತ, ಲಂಡನ್ ಹೆಂಗಸರ ಗದೆ

ಹೋದ ಚಳಿಗಾಲದಲ್ಲಿ, ದಾವಣಗೆರೆಯಿಂದ ಮಾಸ್ಟರ್ಸ್ ಓದೋಕೆ ಬಂದ ಹುಡುಗಿಯೊಬ್ಬಳು ಕೇಳಿದಳು: “ಅಕ್ಕಾ, ರಾತ್ರಿ ಶಿಫ್ಟ್ ಮುಗಿಸಿ ಹೌನ್‌ಸ್ಲೋಗೆ ವಾಪಸ್ ಬರೋವಾಗ ಭಯ ಆಗುತ್ತೆ. ಊರಿಂದ ಪೆಪ್ಪರ್ ಸ್ಪ್ರೇ ತಂದಿದೀನಿ. ಬ್ಯಾಗಲ್ಲಿ ಇಟ್ಕೊಳ್ಳಲಾ?”

ಖಂಡಿತ ಬೇಡ ಅಂದೆ. ಊರಲ್ಲಿ ಅಂಗಡಿಯಲ್ಲೇ ಸಿಗುವ ಆ ಪುಟ್ಟ ಡಬ್ಬಿ ಇಲ್ಲಿ 1968ರ ಫೈರ್‌ಆರ್ಮ್ಸ್ ಆಕ್ಟ್ ಪ್ರಕಾರ ನಿಷೇಧಿತ ಆಯುಧ. ಬರೀ ಇಟ್ಟುಕೊಂಡಿದ್ದರೂ ಅಪರಾಧ. “ಹಾಗಾದ್ರೆ ಏನಿಟ್ಕೊಳ್ಳಲಿ? ಛತ್ರಿ? ಬೀಗದಕೈ?” ಅಂದಳು. ಅದಕ್ಕೆ ನನ್ನ ಹತ್ತಿರ ತಕ್ಷಣ ಉತ್ತರ ಇರಲಿಲ್ಲ.

ಇದೇ ಪ್ರಶ್ನೆಗೆ ಇದೇ ಊರಲ್ಲಿ, ನೂರಿಪ್ಪತ್ತು ವರ್ಷಕ್ಕೂ ಹಿಂದೆ, ಒಬ್ಬ ಮನುಷ್ಯ ಬಹಳ ಆತ್ಮವಿಶ್ವಾಸದಿಂದ ಉತ್ತರ ಬರೆದಿದ್ದ. ಹೆಸರು ಎಡ್ವರ್ಡ್ ವಿಲಿಯಂ ಬಾರ್ಟನ್-ರೈಟ್. ನಿಮಗೆ ಆಶ್ಚರ್ಯ ಆಗಬಹುದು, ಈತ ಹುಟ್ಟಿದ್ದು ಬೆಂಗಳೂರಲ್ಲಿ, 1860ರಲ್ಲಿ. ಅಪ್ಪ ರೈಲ್ವೆ ಇಂಜಿನಿಯರ್. ಮಗನೂ ಇಂಜಿನಿಯರ್ ಆಗಿ ಜಪಾನಿಗೆ ಹೋದ, ಅಲ್ಲಿ ಜುಜುತ್ಸು ಕಲಿತ, ಲಂಡನ್ನಿಗೆ ಬಂದು ತನ್ನ ಹೆಸರನ್ನೂ ಜುಜುತ್ಸುವನ್ನೂ ಬೆಸೆದು ‘ಬಾರ್ಟಿತ್ಸು’ ಅನ್ನೋ ಹೊಸ ವಿದ್ಯೆ ಕಟ್ಟಿದ. ಸೋಹೋದ ಶಾಫ್ಟ್ಸ್‌ಬರಿ ಅವೆನ್ಯೂದಲ್ಲಿ ಅವನ ಕ್ಲಬ್ ಇತ್ತು. ಹೆಚ್ಚು ದಿನ ನಡೆಯಲಿಲ್ಲ, 1902ರ ಹೊತ್ತಿಗೆ ಮುಚ್ಚಿತು. ಶೆರ್ಲಾಕ್ ಹೋಮ್ಸ್ ಕಥೆಯೊಂದರಲ್ಲಿ ಒಂದು ಅಕ್ಷರ ತಪ್ಪಿ ‘ಬರಿತ್ಸು’ ಅಂತ ಬಂದಿರೋದೂ ಇದೇ ವಿದ್ಯೆ.

ಕ್ಲಬ್ ಹೋದರೂ ಬರಹ ಉಳಿದಿದೆ. 1899 ಮತ್ತು 1901ರಲ್ಲಿ ‘ಪಿಯರ್ಸನ್ಸ್ ಮ್ಯಾಗಝೀನ್’ನಲ್ಲಿ ಬಾರ್ಟನ್-ರೈಟ್ ಬರೆದ ಲೇಖನಗಳು ಇಂದಿಗೂ ಓದಲು ಸಿಗುತ್ತವೆ. ದಿನಬಳಕೆಯ ವಸ್ತುವನ್ನ ಆಯುಧ ಮಾಡಿಕೊಳ್ಳೋದು ಹೇಗೆ ಅಂತ ಇಂದು ನಾವು ನೋಡುವ ವಿಡಿಯೊಗಳಿಗೆಲ್ಲ ಇವು ಒಂಥರಾ ಮುತ್ತಾತ ಇದ್ದ ಹಾಗೆ. ಆದ್ದರಿಂದ ಇವನ್ನ ಸ್ವಲ್ಪ ಗಟ್ಟಿಯಾಗೇ ವಿಮರ್ಶೆ ಮಾಡಬೇಕು ಅನ್ನಿಸಿತು.

ಮೊದಲು ಮೆಚ್ಚಬೇಕಾದ್ದು. ಬೆತ್ತದ ಬಗ್ಗೆ ಬರೆದ ಭಾಗ ನಿಜಕ್ಕೂ ಚೆನ್ನಾಗಿದೆ. ಅದರ ಹಿಂದಿನ ತಲೆ ಸ್ವಿಟ್ಜರ್ಲೆಂಡಿನ ಪಿಯೆರ್ ವಿನ್ಯಿ ಅನ್ನೋ ಗುರುವಿನದು. ಕತ್ತಿಗೂ ಕೈಬೆತ್ತಕ್ಕೂ ಏನು ವ್ಯತ್ಯಾಸ? ಕತ್ತಿಯ ಹಿಡಿಗೆ ಬೆರಳು ಕಾಪಾಡುವ ಅಡ್ಡ ಇರುತ್ತೆ, ಬೆತ್ತಕ್ಕೆ ಇಲ್ಲ. ಕತ್ತಿಯಂತೆ ಬೆತ್ತ ಹಿಡಿದು ಏಟನ್ನ ತಡೆದರೆ, ಎದುರಾಳಿಯ ಕೋಲು ಜಾರಿ ನೇರ ನಿಮ್ಮ ಬೆರಳಿಗೇ ಬಡಿಯುತ್ತೆ. ಅದಕ್ಕೇ ವಿನ್ಯಿ ಇಡೀ ಪಟ್ಟನ್ನೇ ಬದಲಿಸಿದ: ಹಿಡಿದ ಕೈ ಮೇಲೆ, ಬೆತ್ತದ ತುದಿ ಕೆಳಗೆ. ಆಗ ಬಿದ್ದ ಏಟು ಕೈಯಿಂದ ದೂರಕ್ಕೆ ಜಾರುತ್ತೆ. ಜೊತೆಗೆ, ಸುಮ್ಮನೆ ತಡೆಯುತ್ತ ನಿಲ್ಲೋದಕ್ಕಿಂತ, ಬೇಕಂತಲೇ ಮೈಯ ಒಂದು ಭಾಗ ತೆರೆದಿಟ್ಟು, ಅವನು ಅಲ್ಲಿಗೆ ಬೀಸಿದಾಗ ಪಕ್ಕಕ್ಕೆ ಸರಿದು ಹೊಡಿ ಅನ್ನುತ್ತೆ ಈ ಪದ್ಧತಿ. ವಸ್ತುವಿನ ದೌರ್ಬಲ್ಯವನ್ನ ಮೊದಲು ಒಪ್ಪಿಕೊಂಡು, ಆಮೇಲೆ ವಿದ್ಯೆ ಕಟ್ಟೋದು ಅಂದರೆ ಇದು. ಬೀಗದಕೈಯನ್ನ ಬೆರಳ ಸಂದಿಯಲ್ಲಿ ಹಿಡಿದುಕೊಳ್ಳಿ ಅಂತ ಒಂದೇ ಸಾಲಲ್ಲಿ ಹೇಳಿ ಮುಗಿಸೋರು, ಗುದ್ದಿದಾಗ ಆ ಬೀಗದಕೈ ನಿಮ್ಮ ಬೆರಳಿಗೇ ಏನು ಮಾಡುತ್ತೆ ಅಂತ ಯೋಚಿಸಿರೋದಿಲ್ಲ.

ಈಗ ತಕರಾರು. ಲೇಖನಗಳ ಜೊತೆಗಿರುವ ಫೋಟೋಗಳನ್ನ ನೋಡಿ. ನೀಟಾಗಿ ಬಟ್ಟೆ ಹಾಕಿಕೊಂಡ ಇಬ್ಬರು ಗಂಡಸರು. ಒಬ್ಬ ಹೊಡೆಯೋಕೆ ಬರ್ತಾನೆ, ಇನ್ನೊಬ್ಬ ಅವನನ್ನ ಬೀಳಿಸ್ತಾನೆ. ಹೊಡೆಯುವವನು ಪ್ರತಿ ಸಲವೂ ಲೇಖನದಲ್ಲಿ ಬರೆದ ಕಡೆಯಿಂದ, ಬರೆದ ರೀತಿಯಲ್ಲೇ ಬರ್ತಾನೆ. ಓವರ್‌ಕೋಟನ್ನ ಎದುರಾಳಿಯ ತಲೆ ಮೇಲೆ ಎಸೆದು ಕಣ್ಣು ಮುಚ್ಚಿಸೋ ಉಪಾಯವೂ ಇದೆ, ಕೋಟು ಹಾಗೇ ಸರಿಯಾಗಿ ಬೀಳುತ್ತೆ ಪಾಪ! ನನ್ನ ಕೆಲಸದ ಭಾಷೆಯಲ್ಲಿ ಹೇಳೋದಾದರೆ, ಯಾವ ಡೇಟಾದಿಂದ ಮಾಡೆಲ್ ಕಲಿಯಿತೋ ಅದೇ ಡೇಟಾ ಮೇಲೆ ಪರೀಕ್ಷೆ ಮಾಡಿ ನೂರಕ್ಕೆ ನೂರು ಬಂತು ಅಂದ ಹಾಗೆ. ಬಾರ್ಟನ್-ರೈಟ್ ಜಪಾನಿನಿಂದ ಕರೆಸಿದ ಯುಕಿಯೊ ತಾನಿ, ಕ್ಲಬ್ಬಿನ ಆಚೆ ಮ್ಯೂಸಿಕ್ ಹಾಲ್‌ಗಳಲ್ಲಿ ಬಂದವರಿಗೆಲ್ಲ ಸವಾಲು ಹಾಕಿ ಕುಸ್ತಿ ಮಾಡಿದ. ನಿಜವಾದ ಪರೀಕ್ಷೆ ಅಂದರೆ ಅದು.

ಎರಡನೇ ತಕರಾರು ಇನ್ನೂ ದೊಡ್ಡದು. ಈ ಬರಹಗಳಲ್ಲಿ ಬೆತ್ತ ಹಿಡಿದವನು ಮರ್ಯಾದಸ್ಥ, ಎದುರು ಬರೋನು ಬೀದಿ ರೌಡಿ. ‘ಹೂಲಿಗನ್’ ಅನ್ನೋ ಪದ ಲಂಡನ್ ಪತ್ರಿಕೆಗಳಲ್ಲಿ ಹರಡಿದ್ದು 1898ರ ಬೇಸಿಗೆಯಲ್ಲಿ. ಆ ಭಯದ ಬೆನ್ನಲ್ಲೇ ಈ ವಿದ್ಯೆ ಮಾರಾಟಕ್ಕೆ ಬಂತು. ಅದೇ ಕೋಲು ಆ ಬೀದಿ ಹುಡುಗನ ಕೈಯಲ್ಲಿದ್ದರೆ ಆಯುಧ, ಸಾಹೇಬನ ಕೈಯಲ್ಲಿದ್ದರೆ ಆತ್ಮರಕ್ಷಣೆ. ವಸ್ತುವನ್ನ ಅಷ್ಟು ಚೆನ್ನಾಗಿ ಗಮನಿಸಿದ ಲೇಖಕ, ಅದನ್ನ ಹಿಡಿದ ಕೈ ಯಾರದು ಅನ್ನೋ ಪ್ರಶ್ನೆಯನ್ನ ಕೇಳೋದೇ ಇಲ್ಲ.

ಚರಿತ್ರೆ ಆ ಪ್ರಶ್ನೆ ಕೇಳಿತು. ಅದಕ್ಕೆ ಎರಡು ವಸ್ತುಗಳ ಪ್ರಯಾಣ ನೋಡಬೇಕು.

ಮೊದಲನೆಯದು ಈ ಬೆತ್ತವೇ. 1923ರಲ್ಲಿ ವಿನ್ಯಿಯ ಪದ್ಧತಿ ಆಧರಿಸಿ ಒಂದು ಪುಸ್ತಕ ಬಂತು. ಬರೆದವರು ಎಚ್. ಜಿ. ಲ್ಯಾಂಗ್, ಇಂಡಿಯನ್ ಪೊಲೀಸ್ ಅಧಿಕಾರಿ. ಪುಸ್ತಕದ ಹೆಸರಲ್ಲಿ ಇರೋದು ಊರುಗೋಲು ಮತ್ತು ಆತ್ಮರಕ್ಷಣೆ. ಆದರೆ 1920ರ ದಶಕದಲ್ಲಿ ನಮ್ಮ ಅಜ್ಜ, ಮುತ್ತಜ್ಜಂದಿರಿಗೆ ಪೊಲೀಸರ ಕೋಲು ಅಂದರೆ ಲಾಠಿ, ಅದು ಯಾರನ್ನ ರಕ್ಷಿಸುತ್ತಿತ್ತು ಅಂತ ನಿಮಗೆ ನಾನು ಹೇಳಬೇಕಿಲ್ಲ.

ಎರಡನೆಯದು ನಮ್ಮ ಕಡೆಯಿಂದ ಇಲ್ಲಿಗೆ ಬಂದದ್ದು. ಗರಡಿಮನೆ ನೋಡಿದೀರಾ? ಕೆಮ್ಮಣ್ಣಿನ ಅಖಾಡ, ಹನುಮಂತನ ಪಟ, ಗೋಡೆಗೆ ಒರಗಿಸಿದ ಗದೆ, ಮುದ್ಗರ. ಮುದ್ಗರ ಅಂದರೆ ತೋಳಿನ ಶಕ್ತಿಗಾಗಿ ಭುಜದ ಸುತ್ತ ತಿರುಗಿಸುವ ಮರದ ದಪ್ಪ ಕೋಲು. ಬೆಂಗಳೂರು ಪೇಟೆಯಲ್ಲಿ ಕರಗದ ವೀರಕುಮಾರರು ಇಂದಿಗೂ ಗರಡಿಗಳಲ್ಲೇ ತಯಾರಾಗೋದು. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರು ಈ ಮುದ್ಗರದ ಕಸರತ್ತು ಕಲಿತರು, ಹತ್ತೊಂಬತ್ತನೇ ಶತಮಾನದಲ್ಲಿ ಅದು ಇಂಗ್ಲೆಂಡಿಗೆ ಬಂತು. ಇಲ್ಲಿ ಸಣ್ಣದಾಗಿ, ನುಣುಪಾಗಿ ‘ಇಂಡಿಯನ್ ಕ್ಲಬ್’ ಅನ್ನೋ ಹೆಸರು ಪಡೆಯಿತು. ಶಾಲೆ, ಜಿಮ್ನೇಷಿಯಂ, ಕಡೆಗೆ ಹೆಣ್ಣುಮಕ್ಕಳ ವ್ಯಾಯಾಮಕ್ಕೂ ಒಗ್ಗಿಕೊಂಡಿತು. ಒಲಿಂಪಿಕ್ಸ್‌ನಲ್ಲೂ ಎರಡು ಸಲ, 1904 ಮತ್ತು 1932ರಲ್ಲಿ, ಕ್ಲಬ್ ತಿರುಗಿಸೋ ಸ್ಪರ್ಧೆ ಇತ್ತು.

ಆಮೇಲೆ 1913. ಹೆಂಗಸರಿಗೆ ಮತದ ಹಕ್ಕು ಬೇಕೆಂದು ಹೋರಾಡುತ್ತಿದ್ದ ಸಫ್ರಾಜೆಟ್‌ಗಳ ನಾಯಕಿಯರನ್ನ ಪೊಲೀಸರು ಮತ್ತೆ ಮತ್ತೆ ಬಂಧಿಸುತ್ತಿದ್ದರು. ಅವರನ್ನ ಕಾಯೋಕೆ ಹೆಂಗಸರದೇ ಒಂದು ಪಡೆ ಎದ್ದಿತು. ತರಬೇತಿ ಕೊಟ್ಟದ್ದು ಈಡಿತ್ ಗ್ಯಾರಡ್. ಐದಡಿಯೂ ಎತ್ತರ ಇಲ್ಲದ ಈಕೆ, ಬಾರ್ಟನ್-ರೈಟ್ ಲಂಡನ್ನಿಗೆ ತಂದ ಜುಜುತ್ಸುವನ್ನೇ ಕಲಿತು ಗುರುವಾದವಳು. ಇಸ್ಲಿಂಗ್ಟನ್‌ನ ಥಾರ್ನ್‌ಹಿಲ್ ಸ್ಕ್ವೇರ್‌ನಲ್ಲಿ ಆಕೆ ಇದ್ದ ಮನೆಗೆ ಈಗ ಫಲಕ ಹಾಕಿದ್ದಾರೆ, ಆ ಕಡೆ ಹೋದರೆ ನೋಡಿ. ಪೊಲೀಸರ ದೊಣ್ಣೆಗೆ ಎದುರಾಗಿ ಈ ಪಡೆಯ ಹೆಂಗಸರು ಬಟ್ಟೆಯೊಳಗೆ ಬಚ್ಚಿಟ್ಟುಕೊಂಡು ಹೋಗುತ್ತಿದ್ದದ್ದು ಇಂಡಿಯನ್ ಕ್ಲಬ್! ಗರಡಿಯ ಮುದ್ಗರದ ಮೊಮ್ಮಗಳು ಲಂಡನ್ ಹೆಂಗಸರ ಲಂಗದೊಳಗೆ. ವ್ಯಾಯಾಮದ ಸಾಮಾನು ಆಯುಧ ಆಯಿತು. ಮರ ಅದೇ, ತೂಕ ಅದೇ. ಬದಲಾದದ್ದು ಹಿಡಿದವರು ಮತ್ತು ಹಿಡಿದ ಕಾರಣ.

ಈ ದೇಶದ ಕಾನೂನು ಇದನ್ನ ಬಾರ್ಟನ್-ರೈಟ್‌ಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದೆ. 1953ರ ಪ್ರಿವೆನ್ಷನ್ ಆಫ್ ಕ್ರೈಮ್ ಆಕ್ಟ್ ಆಯುಧಗಳನ್ನ ಮೂರು ಬಗೆ ಮಾಡುತ್ತೆ: ಗಾಯ ಮಾಡಲೆಂದೇ ತಯಾರಿಸಿದ್ದು, ಗಾಯ ಮಾಡಲು ಮಾರ್ಪಡಿಸಿದ್ದು, ಮತ್ತು ಗಾಯ ಮಾಡುವ ಉದ್ದೇಶದಿಂದ ಜೊತೆಗಿಟ್ಟುಕೊಂಡದ್ದು. ಮೂರನೆಯ ಬಗೆಯಲ್ಲಿ ಏನು ಬೇಕಾದರೂ ಬರಬಹುದು, ಲಟ್ಟಣಿಗೆ ಕೂಡ. ಮಳೆಗೆ ಅಂತ ಹಿಡಿದ ಛತ್ರಿ ಛತ್ರಿಯೇ. ಯಾರಾದರೂ ಬಂದರೆ ಹೊಡೆಯೋಣ ಅಂತಲೇ ದಿನಾ ಹಿಡಿದುಕೊಂಡು ಹೋದರೆ ಅದೇ ಛತ್ರಿ ನಿಮ್ಮನ್ನ ಕೋರ್ಟಿಗೆ ಕರೆದೊಯ್ಯಬಹುದು. ಸುಮ್ಮನೆ “ಆತ್ಮರಕ್ಷಣೆಗೆ” ಅಂದರೆ ಸಾಮಾನ್ಯವಾಗಿ ಒಪ್ಪೋದಿಲ್ಲ. ಆದರೆ ನಿಜವಾಗಿ ದಾಳಿಯಾದಾಗ ಕೈಗೆ ಸಿಕ್ಕಿದ್ದನ್ನ ಬಳಸಿ, ಅಗತ್ಯ ಇದ್ದಷ್ಟು ಬಲದಿಂದ ತಡೆಯೋದಕ್ಕೆ ಅವಕಾಶ ಇದೆ. ಬಾರ್ಟನ್-ರೈಟ್ ತೀರಿಕೊಂಡದ್ದು 1951ರಲ್ಲಿ, ಕಿಂಗ್‌ಸ್ಟನ್ ಸ್ಮಶಾನದ ಗುರುತಿಲ್ಲದ ಗೋರಿಯಲ್ಲಿದ್ದಾನೆ. ಆತ ಮಾರಿದ ಸಲಹೆ ಅಪರಾಧದ ಅಂಚಿಗೆ ಬಂದದ್ದು ಅದಾದ ಎರಡೇ ವರ್ಷಕ್ಕೆ.

ಇಷ್ಟೆಲ್ಲ ಹೇಳಿ, ನಮ್ಮದೇ ಪದವನ್ನ ನೆನಪಿಸಿಕೊಳ್ಳದೆ ಮುಗಿಸಲಾರೆ. ಆಯುಧಪೂಜೆಯಲ್ಲಿ ನಾವು ಕಾರಿಗೆ, ಸ್ಪ್ಯಾನರ್‌ಗೆ, ಲ್ಯಾಪ್‌ಟಾಪಿಗೆ ಕುಂಕುಮ ಇಡ್ತೀವಿ. ಇಲ್ಲಿ ಹುಟ್ಟಿದ ಮಕ್ಕಳು “ಲ್ಯಾಪ್‌ಟಾಪ್ ವೆಪನ್ನಾ?” ಅಂತ ನಗ್ತಾರೆ. ನಗಲಿ, ಆದರೆ ಉತ್ತರ ಕೊಡಿ. ಆಯುಧ ಅನ್ನೋ ಪದವನ್ನ ಆ ದಿನ ನಾವು ಕತ್ತಿಗೂ ಕೆಲಸದ ಸಲಕರಣೆಗೂ ಒಟ್ಟಿಗೇ ಬಳಸ್ತೀವಿ. ಅದನ್ನ ಒಂದು ದಿನ ಕೆಳಗಿಟ್ಟು, ಕೈಮುಗಿದು, ಆಮೇಲೆ ಮತ್ತೆ ಎತ್ತಿಕೊಳ್ತೀವಿ. ಕೈಯಲ್ಲಿರೋದಕ್ಕೆ ನಾನು ಜವಾಬ್ದಾರಿ ಅಂತ ಒಪ್ಪಿಕೊಳ್ಳೋದು, ನನ್ನ ಓದಿನಲ್ಲಿ, ಆ ಪೂಜೆಯ ಅರ್ಥ. ಬೆತ್ತದ ಲೇಖನಗಳಲ್ಲಿ ನನಗೆ ಸಿಗದೇ ಹೋದದ್ದು ಅದೇ.

ನಿಮ್ಮ ಮಗು ಕ್ಲಾಸಿಗೆ ಕೋಲು ತಗೊಂಡು ಹೋಗುತ್ತಿದ್ದರೆ ಚೀಲದೊಳಗೆ ಹಾಕಿ, ಮನೆಯಿಂದ ಕ್ಲಾಸಿಗೆ, ಕ್ಲಾಸಿಂದ ಮನೆಗೆ. ದಾವಣಗೆರೆಯ ಹುಡುಗಿಗೆ, ಸ್ಪ್ರೇಯನ್ನ ಹೊರಗೆ ಒಯ್ಯೋ ಮೊದಲೇ 101ಕ್ಕೆ ಫೋನ್ ಮಾಡಿ ಪೊಲೀಸರಿಗೆ ಹೇಗೆ ಒಪ್ಪಿಸೋದು ಅಂತ ಕೇಳು ಅಂದೆ. ಈಗ ಶನಿವಾರ ಜೂಡೋ ಕ್ಲಾಸಿಗೆ ಹೋಗ್ತಿದಾಳೆ. “ಅಕ್ಕಾ, ಮೊದಲ ತಿಂಗಳು ಪೂರ್ತಿ ಬೀಳೋದನ್ನೇ ಕಲಿಸಿದ್ರು” ಅಂದಳು. ಬ್ಯಾಗಲ್ಲಿ ಈಗ ಛತ್ರಿ ಇದೆ, ಮಳೆಗೆ. ಭಯ ಪೂರ್ತಿ ಹೋಗಿಲ್ಲ ಅಂತಾಳೆ. ನನಗೂ ಹೋಗಿಲ್ಲ.